ಮೆಟ್ಟಿಲೆಷ್ಟು ಎಂದು ಕೇಳಿದ ಮೊಮ್ಮಗಳು

ನಿವೃತ್ತಿಯಾದ ಮೇಲೆ ಊರೂರು ಸುತ್ತಬೇಕು ಎಂದು ನಾನೂ ನನ್ನ ಹೆಂಡತಿಯೂ ಇಪ್ಪತ್ತು ವರ್ಷ ಮಾತಾಡಿಕೊಂಡೆವು. ಕೊನೆಗೆ ಮೊದಲ ಸಲ ಹೊರಟದ್ದು ಮೂರು ದಿನಕ್ಕೆ. ಅದರಲ್ಲಿ ಎರಡೂವರೆ ದಿನ ಅವಳು ಮಂಚ ಬಿಟ್ಟು ಇಳಿಯಲಿಲ್ಲ.

ತಪ್ಪು ನನ್ನದೇ. ಮೊಬೈಲಿನಲ್ಲಿ ಒಂದು ಮನೆಯ ಫೋಟೊ ನೋಡಿ ಮರುಳಾದೆ. ಗುಡ್ಡದ ನೆತ್ತಿಯ ಮೇಲೆ ಹೆಂಚಿನ ಮನೆ, ಜಗಲಿಯಲ್ಲಿ ಬೆತ್ತದ ಕುರ್ಚಿ, ಎದುರಿಗೆ ಮಂಜು. ಮುಂಗಡ ಹಣ ಕಳಿಸಿಯೇ ಬಿಟ್ಟೆ. ನೆತ್ತಿಯ ಮೇಲಿನ ಮನೆಗೆ ಹತ್ತಿ ಹೋಗಬೇಕಾಗುತ್ತದೆ ಎಂಬ ಸಣ್ಣ ವಿಷಯ ನನಗೆ ಹೊಳೆಯಲಿಲ್ಲ. ರಸ್ತೆಯಿಂದ ಬಾಗಿಲಿಗೆ 47 ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಬಚ್ಚಲು ಮನೆಯ ಹಿಂದೆ, ಮತ್ತೆ ಆರು ಮೆಟ್ಟಿಲು ಕೆಳಗೆ. ಮೊದಲ ದಿನ ಸಂಜೆಯೇ ಅವಳ ಮೊಣಕಾಲು ಊದಿಕೊಂಡಿತು. ಮೊಬೈಲಿಗೆ ಸಿಗ್ನಲ್ ಇಲ್ಲ, ಹತ್ತಿರದಲ್ಲಿ ವೈದ್ಯರಿಲ್ಲ. ಮನೆ ನೋಡಿಕೊಳ್ಳುವ ಹುಡುಗ ಕೀಲಿ ಕೊಟ್ಟು ಹೋದವನು ಮರುದಿನ ಬಂದ. ಬೆತ್ತದ ಕುರ್ಚಿಯಲ್ಲಿ ನಾನೊಬ್ಬನೇ ಕೂತು ಮಂಜು ನೋಡಿದೆ. ಹೇಳುವುದಕ್ಕೆ ನಾಚಿಕೆ, ಆದರೂ ಹೇಳುತ್ತೇನೆ: ಮಂಜು ಚೆನ್ನಾಗಿಯೇ ಇತ್ತು.

ಬೆಂಗಳೂರಿಗೆ ವಾಪಸಾದ ಮೇಲೆ ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು: "ಇನ್ನು ನನ್ನನ್ನು ಎಲ್ಲಿಗೂ ಕರಕೊಂಡು ಹೋಗಬೇಡಿ. ಒಂದೇ ಒಂದು ಕಡೆ ಬಿಟ್ಟು."

ಆ ಒಂದು ಕಡೆ ಯಾವುದೆಂದು ನನಗೆ ಗೊತ್ತಿತ್ತು. ಅವಳು ಹುಟ್ಟಿದ ಊರು. ಅದು ಈಗ ನೀರಿನಡಿ ಇದೆ.

ಮಕ್ಕಳೇ, ಜೋಗದ ಗುಂಡಿ ನಿಮಗೆಲ್ಲ ಗೊತ್ತು. ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ 253 ಮೀಟರ್ ಕೆಳಕ್ಕೆ ಧುಮುಕುವ ಶರಾವತಿ. ಆ ಶರಾವತಿಗೆ ಜೋಗಕ್ಕಿಂತ ಸ್ವಲ್ಪ ಮೇಲೆ ಲಿಂಗನಮಕ್ಕಿ ಎಂಬಲ್ಲಿ ದೊಡ್ಡ ಆಣೆಕಟ್ಟು ಕಟ್ಟಿದರು. ಮುಗಿದದ್ದು 1964ರಲ್ಲಿ. ಆ ನೀರಿನಿಂದ ತೆಗೆಯುವ ವಿದ್ಯುತ್ತು ಎಷ್ಟೋ ವರ್ಷ ನಮ್ಮ ರಾಜ್ಯದ ಲೆಕ್ಕವಿಲ್ಲದಷ್ಟು ಮನೆಗಳ ದೀಪವಾಗಿತ್ತು ಎಂದರೆ ತಪ್ಪಾಗದೇನೋ. ಶರಾವತಿ ವಿದ್ಯುದಾಗಾರ ಒಂದರದೇ ಸಾಮರ್ಥ್ಯ 1,035 ಮೆಗಾವಾಟ್. ಆದರೆ ನೀರು ನಿಂತ ಕಡೆ ಊರುಗಳಿದ್ದವು, ಗದ್ದೆ ತೋಟ ಇದ್ದವು. ಸಾವಿರಾರು ಕುಟುಂಬಗಳು ಲಾರಿಯಲ್ಲಿ ಪಾತ್ರೆಪಡಗ ಹೇರಿಕೊಂಡು ಹೊರಟವು. ಅಂಥ ಒಂದು ಲಾರಿಯಲ್ಲಿ ನನ್ನ ಹೆಂಡತಿಯೂ ಇದ್ದಳು. ಆಗ ಅವಳಿಗೆ ಆರು ವರ್ಷ. ಮಡಿಲಲ್ಲಿ ಒಂದು ಬೆಕ್ಕು ಇತ್ತಂತೆ, ದಾರಿಯಲ್ಲಿ ಹಾರಿ ಓಡಿಹೋಯಿತಂತೆ.

ನಾನು ಕೆಲಸ ಮಾಡಿದ್ದು ಎಲ್ಲಿ ಗೊತ್ತೆ? ಕೆಇಬಿಯಲ್ಲಿ. "ನಿಮ್ಮ ಸಂಬಳ ನಮ್ಮೂರ ನೀರಿನದು" ಎಂದು ಅವಳು ಮದುವೆಯಾದಾಗಿನಿಂದ ಛೇಡಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳನ್ನು ಆ ಕಡೆಗೆ ಕರೆದುಕೊಂಡು ಹೋಗಿರಲಿಲ್ಲ.

2024ರ ಜನವರಿಯಲ್ಲಿ ಮಾತು ತೆಗೆದೆ. ಏಳನೇ ತರಗತಿಯ ಮೊಮ್ಮಗಳು ನಾನೂ ಬರುತ್ತೇನೆ ಎಂದಳು. ಬಂದ ಕೂಡಲೇ ಜಗಳ ಶುರು. ಅವಳಿಗೆ ಜೋಗ ತುಂಬಿ ಭೋರ್ಗರೆಯುವುದನ್ನು ನೋಡಬೇಕು. ಅದಕ್ಕೆ ಮಳೆಗಾಲ ಬೇಕು. ಅಜ್ಜಿಗೆ ಮುಳುಗಿದ ಊರು ಕಾಣಬೇಕು. ಅದಕ್ಕೆ ನೀರು ತಳ ಕಾಣಬೇಕು, ಎಂದರೆ ಬೇಸಿಗೆಯ ಕೊನೆ. ಒಂದೇ ಪ್ರವಾಸದಲ್ಲಿ ಎರಡೂ ಸಿಗುವುದಿಲ್ಲ. ನಿವೃತ್ತರಿಗೆ ಇರುವ ಒಂದೇ ಶ್ರೀಮಂತಿಕೆ ಎಂದರೆ ರಜೆ ಕೇಳಬೇಕಾಗಿಲ್ಲ ಎನ್ನುವುದು. ಆದರೆ ಮೊಮ್ಮಕ್ಕಳ ಜೊತೆ ಹೋಗುವುದಾದರೆ ಶಾಲೆಯ ರಜೆಯೇ ನಮ್ಮ ರಜೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರು, ದಸರಾ ರಜೆಯಲ್ಲಿ ಜೋಗ ಎಂದು ರಾಜಿ ಮಾಡಿಸಿದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಆ ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ ಎಂಬುದು ನನ್ನ ಲೆಕ್ಕ. ಬರಗಾಲವನ್ನು ಲಾಭ ಎಂದು ಎಣಿಸಿದ್ದು ಆಮೇಲೆ ಚುಚ್ಚಿತು, ಆ ಮಾತು ಬೇರೆ.

ಉಳಿಯುವ ಮನೆ ಹುಡುಕುವ ಕೆಲಸವನ್ನು ಮಾತ್ರ ಮೊಮ್ಮಗಳು ನನ್ನ ಕೈಯಿಂದ ಕಿತ್ತುಕೊಂಡಳು. "ತಾತ, ನೀವು ಫೋಟೊ ನೋಡ್ತೀರಿ. ಪ್ರಶ್ನೆ ಕೇಳಲ್ಲ" ಎಂದಳು. ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ಪ್ರಶ್ನೆ ಬರೆದಳು. ಗಾಡಿ ನಿಲ್ಲುವಲ್ಲಿಂದ ಮಂಚದವರೆಗೆ ಮೆಟ್ಟಿಲೆಷ್ಟು? ಬಚ್ಚಲು ಕೋಣೆಗೆ ಸೇರಿಕೊಂಡೇ ಇದೆಯೆ, ಕೂರುವ ಕಮೋಡ್ ಇದೆಯೆ, ನೆಲ ಜಾರುತ್ತದೆಯೆ? ಮನೆಯವರು ಅಲ್ಲೇ ಇರುತ್ತಾರೆಯೆ ಅಥವಾ ಕೀಲಿ ಕೊಟ್ಟು ಹೋಗುತ್ತಾರೆಯೆ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೆ? ಆಸ್ಪತ್ರೆ ಎಷ್ಟು ದೂರ, ರಾತ್ರಿ ಗಾಡಿ ಸಿಗುತ್ತದೆಯೆ? ಯಾವ ಕಂಪನಿಯ ಸಿಮ್‌ಗೆ ಸಿಗ್ನಲ್ ಬರುತ್ತದೆ? ಬರಲಾಗದೆ ಹೋದರೆ ಮುಂಗಡ ಎಷ್ಟು ವಾಪಸು ಕೊಡುತ್ತೀರಿ? ಊಟಕ್ಕೆ ಖಾರ ಕಡಿಮೆ ಮಾಡಬಹುದೆ? ಕೊನೆಯದು ಅವಳ ಸ್ವಂತ ಪ್ರಶ್ನೆ: ನಾಯಿ ಇದೆಯೆ?

ಮೂರು ಮನೆಗೆ ಫೋನ್ ಮಾಡಿದೆವು. ಮೊದಲನೆಯವರದು ಜೋಗದ ಹತ್ತಿರ, ಈಜುಕೊಳ ಇರುವ ಜಾಗ. ಮೆಟ್ಟಿಲೆಷ್ಟು ಎಂದರೆ "ಬನ್ನಿ ಮೇಡಂ, ಎಲ್ಲಾ ಅರೇಂಜ್ ಮಾಡ್ತೀವಿ" ಎಂದರು. ಮತ್ತೊಮ್ಮೆ ಕೇಳಿದರೆ ಮತ್ತದೇ ಮಾತು. ಮೇಡಂ ಪುಸ್ತಕದಲ್ಲಿ ಅಡ್ಡಗೀಟು ಹಾಕಿದಳು. ಎರಡನೆಯವರು ಒಳ್ಳೆಯವರು, ನೇರವಾಗಿ ಹೇಳಿದರು: "ನಮ್ಮದು ಮಹಡಿ ಮೇಲಿನ ರೂಮು, ಮೊಣಕಾಲು ನೋವಿರುವವರಿಗೆ ಕಷ್ಟ." ಇಲ್ಲ ಎನ್ನುವವರನ್ನು ನಂಬಬಹುದು ಎಂದು ಅವರ ನಂಬರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಮೂರನೆಯದು ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ, ಸಾಗರದಿಂದ 20 ಕಿಲೋಮೀಟರಿನೊಳಗೆ, ಅಡಿಕೆ ತೋಟದ ಮನೆ. ಫೋನ್ ಎತ್ತಿದ್ದು ಆ ಮನೆಯ ಹಿರಿಯಾಕೆ. ಮೆಟ್ಟಿಲು ಅಂಗಳದಿಂದ ಜಗಲಿಗೆ ಮೂರು ಎಂದರು. ಮೊಮ್ಮಗಳು ಬಿಡಲಿಲ್ಲ, ವಿಡಿಯೊ ಕರೆ ಮಾಡಿಸಿ ಅವರ ಮಗನ ಕೈಯಲ್ಲಿ ಅಂಗಳ, ಜಗಲಿ, ಕೋಣೆ, ಬಚ್ಚಲು ಎಲ್ಲ ನಡೆದು ತೋರಿಸಿಕೊಂಡಳು. ಮೂರೇ ಮೆಟ್ಟಿಲು. ನಾಯಿಯೂ ಬಾಲ ಅಲ್ಲಾಡಿಸಿಕೊಂಡು ಬಂದು ಹೋಯಿತು. ಒಬ್ಬರಿಗೆ ದಿನಕ್ಕೆ 1,500 ರೂಪಾಯಿ, ತಿಂಡಿ ಊಟ ಸೇರಿ, ಮಕ್ಕಳಿಗೆ ಅರ್ಧ.

ಇಷ್ಟಾದ ಮೇಲೆ ಆ ಹಿರಿಯಾಕೆ ನಮ್ಮನ್ನು ಪ್ರಶ್ನೆ ಕೇಳತೊಡಗಿದರು. "ಮೇ ತಿಂಗಳಲ್ಲಿ ಯಾಕೆ ಬರ್ತೀರಿ? ಜೋಗದಲ್ಲಿ ನೀರಿರೂದಿಲ್ಲ ಮಾರಾಯ್ರೆ." ನನ್ನ ಹೆಂಡತಿ ಫೋನ್ ಇಸಿದುಕೊಂಡು ತನ್ನ ಊರಿನ ಹೆಸರು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಯಾರ ಮಗಳು ನೀನು?" ಬಹುವಚನ ಹೋಗಿ ಏಕವಚನ ಬಂದಿತ್ತು. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು. ನಾನು ಕಾಫಿ ಮಾಡಿಕೊಂಡು ಬಂದೆ. ಕಾಫಿ ತಣ್ಣಗಾಯಿತು.

ರೈಲಿನ ವಿಷಯ ನನ್ನ ಪಾಲಿಗೆ ಉಳಿದಿತ್ತು. ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಸಾಗರಕ್ಕೆ ಮುಟ್ಟಿಸುವ ತಾಳಗುಪ್ಪ ರೈಲು ನಮ್ಮಂಥವರಿಗೆ ಅನುಕೂಲ. ನಿಲ್ದಾಣದ ಹೆಸರು ಸಾಗರ ಜಂಬಗಾರು. ಹಿರಿಯರ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತುಹೋಗಿದೆ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಆದರೆ ಕೆಳಗಿನ ಬರ್ತಿನ ಕೋಟಾ ಇದೆ: 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಇದರಲ್ಲೊಂದು ಕೊಕ್ಕೆ ಇದೆ. ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರೆ ಮಾತ್ರ ಆ ಕೋಟಾ. ಮೊಮ್ಮಕ್ಕಳ ಹೆಸರನ್ನು ಅದೇ ಟಿಕೆಟಿಗೆ ಸೇರಿಸಿದರೆ ಸಿಗುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಒಂದು, ಮೊಮ್ಮಗಳಿಗೆ ಬೇರೆ ಟಿಕೆಟ್ ಮಾಡಿಸಿದೆ. ಆಗ 120 ದಿನ ಮೊದಲೇ ಕಾಯ್ದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನವಾಗಿದೆ. ಮೇ 7ರಂದು ಆ ಕಡೆ ಲೋಕಸಭೆ ಚುನಾವಣೆಯ ಮತದಾನ ಇತ್ತು. "ಅದು ಮುಗೀಲಿ, ಆಮೇಲೆ ಬನ್ನಿ, ನಮ್ಮ ಹುಡುಗ ಜೀಪು ತರ್ತಾನೆ" ಎಂದು ಹಿರಿಯಾಕೆ ಹೇಳಿದ್ದರಿಂದ ಮರುವಾರಕ್ಕೆ ಹೊರಟೆವು.

ಮನೆ ಫೋಟೊದಲ್ಲಿ ಕಂಡದ್ದಕ್ಕಿಂತ ಹಳೆಯದಾಗಿತ್ತು, ಚೆನ್ನಾಗಿತ್ತು. ಹಂಡೆಯಲ್ಲಿ ಕಾದ ನೀರು, ಊಟಕ್ಕೆ ಅಪ್ಪೆಹುಳಿ, ಅಂಗಳದ ಚಾಪೆಯ ಮೇಲೆ ಒಣಗುವ ಹಲಸಿನ ಹಪ್ಪಳ. ಹಪ್ಪಳ ಕಾಯುವ ಕೆಲಸಕ್ಕೆ ಮೊಮ್ಮಗಳೂ ನಾಯಿಯೂ ನೇಮಕವಾದರು. ಕಾಗೆಗಿಂತ ಹೆಚ್ಚು ಹಪ್ಪಳದ ಹಿಟ್ಟು ಕಾವಲುಗಾರರ ಹೊಟ್ಟೆಗೇ ಹೋಯಿತು.

ಎರಡನೆಯ ದಿನ ಬೆಳಿಗ್ಗೆ ಆರಕ್ಕೇ ಜೀಪಿನಲ್ಲಿ ಹೊರಟೆವು, ಹಿರಿಯಾಕೆಯೂ ಬಂದರು. ಡಾಂಬರು ಮುಗಿದು ಮಣ್ಣಿನ ಹಾದಿ, ಹಾದಿ ಮುಗಿದು ಬರೀ ಬಿರುಕು ಬಿಟ್ಟ ನೆಲ. ಮಳೆಗಾಲದಲ್ಲಿ ಆಳುದ್ದ ನೀರಿರುವ ಜಾಗದಲ್ಲಿ ನಾವು ಜೀಪಿನಲ್ಲಿ ಹೋಗುತ್ತಿದ್ದೆವು. ಬೂದು ಬಣ್ಣದ ಬೊಡ್ಡೆಗಳು ಎಲ್ಲೆಲ್ಲೂ. ಅರವತ್ತು ವರ್ಷದ ಹಿಂದೆ ಕಡಿದ ಮರಗಳ ಬೊಡ್ಡೆಗಳು ನೀರಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಇನ್ನೂ ನೆಲ ಬಿಟ್ಟಿರಲಿಲ್ಲ.

ದೂರದಲ್ಲಿ ಹಳೆಯ ಹಿರೇಭಾಸ್ಕರ ಆಣೆಕಟ್ಟು ಕಂಡಿತು. ಈ ಕಡೆಯವರು ಮಡೆನೂರು ಡ್ಯಾಮ್ ಎನ್ನುತ್ತಾರೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ್ದು ಅದು. ಆ ವಿದ್ಯುದಾಗಾರ, ಈಗಿನ ಮಹಾತ್ಮ ಗಾಂಧಿ ಕೇಂದ್ರ, ಶುರುವಾದದ್ದು 1948ರಲ್ಲಿ. ಹದಿನಾರು ವರ್ಷದಲ್ಲಿ ಲಿಂಗನಮಕ್ಕಿ ಬಂದು ಆ ಆಣೆಕಟ್ಟನ್ನೇ ಮುಳುಗಿಸಿತು. "ಡ್ಯಾಮನ್ನು ಡ್ಯಾಮ್ ಮುಳುಗಿಸೋದಾ?" ಎಂದು ಮೊಮ್ಮಗಳಿಗೆ ಆಶ್ಚರ್ಯ. ನೀರು ತಾನಾಗಿಯೇ ಸುಳಿಯಾಗಿ ಹೊರಹೋಗುವಂತೆ ಗಣೇಶ ಅಯ್ಯರ್ ಎಂಬ ಇಂಜಿನಿಯರ್ ರೂಪಿಸಿದ ಸೈಫನ್‌ಗಳು ಅಲ್ಲಿವೆ. ಅದನ್ನು ವಿವರಿಸುವ ಉತ್ಸಾಹದಲ್ಲಿ ನಾನು ಕೆಇಬಿಯವನಾಗಿ ಮಾತಾಡುತ್ತಲೇ ಇದ್ದೆ. ತಿರುಗಿ ನೋಡಿದರೆ ನನ್ನ ಹೆಂಡತಿ ಜೀಪಿನ ಹತ್ತಿರ ಇರಲಿಲ್ಲ.

ಹಿರಿಯಾಕೆಯ ಕೈ ಹಿಡಿದು ಅವಳು ಇನ್ನೊಂದು ದಿಕ್ಕಿಗೆ ನಡೆಯುತ್ತಿದ್ದಳು. ಅದೇ ಮೊಣಕಾಲು. ಅವಳ ಊರು ಅಲ್ಲೆಲ್ಲೋ ಹತ್ತಿರದಲ್ಲಿತ್ತು, ಆದರೆ ಗುರುತು ಹಿಡಿಯುವುದು ಹೇಗೆ? ಗದ್ದೆಯ ಅಂಚುಗಳ ಮೇಲೆ ಹೂಳು ಕೂತಿದೆ. ಹಿರಿಯಾಕೆ ಒಂದು ಗುಡ್ಡ ತೋರಿಸಿ, "ಅದು ನಿಮ್ಮನೆ ಹಿಂದಿನ ಹಕ್ಕಲು ಅಲ್ದನೆ?" ಎಂದರು. ಮಳೆಗಾಲದಲ್ಲಿ ದ್ವೀಪವಾಗುವ ಗುಡ್ಡ. ಅವಳು ಬಹಳ ಹೊತ್ತು ನೋಡಿದಳು. "ಅಷ್ಟು ಸಣ್ಣದಿರಲಿಲ್ಲ" ಎಂದಳು. ಆಮೇಲೆ, "ನಾನೇ ಸಣ್ಣವಳಿದ್ದೆ" ಎಂದಳು.

ಮನೆ ಸಿಗಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಒಂದು ಸಾಲು ಸಿಕ್ಕಿತು, ಯಾರ ಮನೆಯ ತಳಪಾಯವೋ. ಅದರ ಪಕ್ಕ ಹೆಂಚಿನ ಚೂರು. ಮೊಮ್ಮಗಳು ಹೆಕ್ಕಿ ಅಜ್ಜಿಯ ಕೈಗೆ ಕೊಟ್ಟಳು. ನೀರಿನ ಅಂಚಿಗೆ ಓಡಲು ಹೊರಟವಳನ್ನು ಜೀಪಿನ ಹುಡುಗ ತಡೆದ: ಮೇಲೆ ಒಣಗಿದಂತೆ ಕಾಣುವ ಕೆಸರು ಸೊಂಟದವರೆಗೆ ಎಳೆದುಕೊಳ್ಳುತ್ತದೆ, ಹಿನ್ನೀರಿಗೆ ಈಜು ಬಂದವರೂ ಇಳಿಯಬಾರದು. ಈ ಮಾತು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವರು ಜೊತೆಗಿದ್ದರೆ ಮಾತ್ರ ಗೊತ್ತಾಗುವುದು.

ಬಿಸಿಲೇರುವ ಮೊದಲು ಹೊರಟೆವು. ಜೀಪಿನಲ್ಲಿ ನಾನು ಏನಾದರೂ ಹೇಳಬೇಕು ಎಂದುಕೊಂಡೆ, ಮಾತು ಬರಲಿಲ್ಲ. ಅವಳೇ, "ಕೆಇಬಿಯವರೇ, ಬೆಕ್ಕು ಓಡಿಹೋದದ್ದು ಇದೇ ತಿರುವಿನಲ್ಲಿ ಇರಬೇಕು" ಎಂದಳು.

ದಸರಾ ರಜೆಯಲ್ಲಿ ಮೊಮ್ಮಗಳ ಪಾಲಿನ ಸಾಲ ತೀರಿಸಿದೆವು. ಅದೇ ಮನೆ, ಅದೇ ಮೂರು ಮೆಟ್ಟಿಲು. ಸಾಗರದಿಂದ ಜೋಗಕ್ಕೆ ಸರಕಾರಿ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಶಕ್ತಿ ಯೋಜನೆಯ ಉಚಿತ ಟಿಕೆಟ್, ನನಗೊಬ್ಬನಿಗೇ ದುಡ್ಡು, ಅದೂ ಹಿರಿಯರೆಂದು ಶೇಕಡಾ 25 ಕಡಿತ. ಜೋಗದ ಬುಡಕ್ಕೆ ಇಳಿಯುವ ಸುಮಾರು 1,400 ಮೆಟ್ಟಿಲನ್ನು ನೋಡಿ ಮೊಮ್ಮಗಳು ಪುಸ್ತಕ ತೆಗೆದಳು, ನಮ್ಮಿಬ್ಬರ ಮುಖ ನೋಡಿ ಮುಚ್ಚಿದಳು.

ಈಗ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರಿನ ಸೇತುವೆ ಆಗಿದೆ, 2025ರ ಜುಲೈನಿಂದ ಸಿಗಂದೂರಿಗೆ ಲಾಂಚ್ ಕಾಯಬೇಕಾಗಿಲ್ಲ. ಆ ಸೇತುವೆಯ ಮೇಲೆ ಹೋಗಬೇಕು ಎಂದು ಮೊಮ್ಮಗಳ ಹೊಸ ಬೇಡಿಕೆ. ಅಜ್ಜಿ ಒಪ್ಪಿದ್ದಾಳೆ, ನೀರು ಇಳಿದಿರಬೇಕು ಎಂಬ ಷರತ್ತಿನ ಮೇಲೆ. ಮೊನ್ನೆ ತೋಟದ ಮನೆಗೆ ಫೋನ್ ಮಾಡಿ ಯಾವ ವಾರ ಖಾಲಿ ಇದೆ ಎಂದು ಕೇಳಿದೆ.

"ಖಾಲಿ ಇರೂದು ಬಿಡೂದು ಆಮೇಲೆ" ಎಂದರು ಹಿರಿಯಾಕೆ. "ನೀರು ಇನ್ನೂ ಮೇಲಿದೆ. ಆ ಗುಡ್ಡದ ಬುಡ ಕಂಡ ದಿನ ನಾನೇ ಫೋನ್ ಮಾಡ್ತೇನೆ, ಅವಳಿಗೆ ಹೇಳಿ."