ದೋಸೆಯ ಹೊಂಬಣ್ಣ, ಮೈಯ ಕಂದುಬಣ್ಣ: ಟ್ಯಾನಿಂಗ್ ಕ್ರೀಮಿಗೇಕೆ ಆ ವಾಸನೆ?

ದಾವಣಗೆರೆ: ಬೆಣ್ಣೆ ದೋಸೆಯ ಕಾವಲಿಯಿಂದ ಏಳುವ ಘಮಕ್ಕೂ, ಬಿಸಿಲಿನ ನೆರವಿಲ್ಲದೆ ಚರ್ಮವನ್ನು ಕಂದಾಗಿಸುವ ಸೆಲ್ಫ್ ಟ್ಯಾನಿಂಗ್ ಕ್ರೀಮಿನ ವಾಸನೆಗೂ ನಂಟಿದೆ ಎಂದರೆ ನಂಬುವುದು ಕಷ್ಟ. ಆದರೆ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಒಂದೇ ಮನೆತನಕ್ಕೆ ಸೇರಿದವು. ಒಂದು ಬಾಯಲ್ಲಿ ನೀರೂರಿಸುತ್ತದೆ, ಇನ್ನೊಂದು ಮೂಗು ಮುರಿಯುವಂತೆ ಮಾಡುತ್ತದೆ.

ಮಾಯಕೊಂಡದ ಸುತ್ತಮುತ್ತ ಮೆಕ್ಕೆಜೋಳದ ಹೊಲಗಳಲ್ಲಿ ದಿನವಿಡೀ ದುಡಿಯುವವರಿಗೆ, ಕಂದುಬಣ್ಣವನ್ನು ಹಣ ಕೊಟ್ಟು ಕೊಳ್ಳುವ ಮಾತು ತಮಾಷೆಯಾಗಿ ಕಾಣಬಹುದು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ತನ್ನ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಿಸಿಕೊಂಡದ್ದು 2020ರಲ್ಲಷ್ಟೇ. ಬಿಳುಪನ್ನೇ ಚೆಲುವೆಂದು ಬಗೆದ ಸಮಾಜ ನಮ್ಮದು. ಹಾಗಿದ್ದರೂ ಈ ಕ್ರೀಮು ಇಲ್ಲಿಯೂ ಕೆಲವರಿಗೆ ಅಗತ್ಯದ ವಸ್ತು. ಅವರು ತೊನ್ನು ಇರುವವರು.

ಆಕಸ್ಮಿಕವಾಗಿ ದೊರೆತ ಬಣ್ಣ

ಈ ಕ್ರೀಮುಗಳ ಜೀವಾಳ ಡೈಹೈಡ್ರಾಕ್ಸಿ ಅಸಿಟೋನ್, ಅಂದರೆ ಡಿಎಚ್‌ಎ. ಇದು ಮೂರೇ ಇಂಗಾಲದ ಪರಮಾಣುಗಳಿರುವ ಸರಳ ಸಕ್ಕರೆ. ಗ್ಲಿಸರಿನ್ನನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ಹುದುಗಿಸಿ ಇದನ್ನು ತಯಾರಿಸುತ್ತಾರೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಈವಾ ವಿಟ್‌ಗೆನ್‌ಸ್ಟೈನ್ ಅವರು ಗ್ಲೈಕೊಜೆನ್ ಸಂಬಂಧಿ ಕಾಯಿಲೆಯ ಮಕ್ಕಳಿಗೆ ಡಿಎಚ್‌ಎ ಕುಡಿಸಿ ಪರೀಕ್ಷಿಸುತ್ತಿದ್ದರು. ಔಷಧ ಚೆಲ್ಲಿದ ಕಡೆಯಲ್ಲೆಲ್ಲ ಮಕ್ಕಳ ಚರ್ಮ ಕಂದಾದುದನ್ನು ಕಂಡ ಅವರು, ತಮ್ಮ ಚರ್ಮದ ಮೇಲೂ ಅದನ್ನು ಹಚ್ಚಿ ಖಚಿತಪಡಿಸಿಕೊಂಡರು. 1960ರಲ್ಲಿ 'ಕಾಪರ್‌ಟೋನ್' ಕಂಪನಿಯ ಲೋಷನ್ ಅಂಗಡಿಗಳಿಗೆ ಬಂತು.

ಕಾವಲಿಯಲ್ಲಿ ನಡೆಯುವುದೇ ಚರ್ಮದಲ್ಲೂ

ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಕಂದುಬಣ್ಣ ತಾಳುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದರು. ಅದಕ್ಕೆ ಅವರ ಹೆಸರೇ ಉಳಿದಿದೆ. ಅಕ್ಕಿ, ಉದ್ದು, ಮಂಡಕ್ಕಿ ಬೆರೆತ ದೋಸೆ ಹಿಟ್ಟು ರಾತ್ರಿಯೆಲ್ಲ ಹುದುಗುವಾಗ ಸಣ್ಣ ಸಕ್ಕರೆಗಳೂ ಅಮೈನೊ ಆಮ್ಲಗಳೂ ಬಿಡುಗಡೆಯಾಗುತ್ತವೆ. ಕಾದ ಕಾವಲಿಯ ಮೇಲೆ ಅವು ಕೆಲವೇ ನಿಮಿಷಗಳಲ್ಲಿ ಕೂಡಿ ಹೊಂಬಣ್ಣವನ್ನೂ ಘಮವನ್ನೂ ಕೊಡುತ್ತವೆ.

ಚರ್ಮದ ಮೇಲೆ ಬೆಂಕಿಯಿಲ್ಲ. ಆದರೆ ಡಿಎಚ್‌ಎ ಎಷ್ಟು ಚುರುಕೆಂದರೆ ಅದಕ್ಕೆ ಮೈಯ ಬಿಸಿಯೇ ಸಾಕು. ಚರ್ಮದ ತೀರ ಹೊರಗಿನ ಸತ್ತ ಪದರದಲ್ಲಿರುವ ಅಮೈನೊ ಆಮ್ಲಗಳೊಡನೆ ಅದು ಕೂಡಿ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳಾಗುತ್ತವೆ. ಎರಡರಿಂದ ನಾಲ್ಕು ಗಂಟೆಗಳಲ್ಲಿ ಬಣ್ಣ ಕಾಣಿಸಿಕೊಂಡು, ಒಂದು ದಿನದೊಳಗೆ ಪೂರ್ಣಗೊಳ್ಳುತ್ತದೆ. ಸತ್ತ ಪದರ ಉದುರಿದಂತೆ ಐದರಿಂದ ಏಳು ದಿನಗಳಲ್ಲಿ ಮಾಸುತ್ತದೆ. ಗೋರಂಟಿಯ ರಾಸಾಯನಿಕ ಕ್ರಿಯೆ ಬೇರೆಯಾದರೂ, ಅದರ ಬಣ್ಣವೂ ಹೀಗೆ ಸತ್ತ ಪದರದೊಡನೆಯೇ ಹೋಗುತ್ತದೆ.

ವಾಸನೆ ಬರುವುದೆಲ್ಲಿಂದ?

ಬಣ್ಣ ಕೊಡುವ ಅಣುಗಳು ದೊಡ್ಡವು. ಅವು ಚರ್ಮದಲ್ಲೇ ಉಳಿಯುತ್ತವೆ. ಅದೇ ಕ್ರಿಯೆಯಲ್ಲಿ ಹುಟ್ಟುವ ಆಲ್ಡಿಹೈಡ್, ಪೈರಜಿನ್ ಮುಂತಾದ ಸಣ್ಣ ಅಣುಗಳು ಗಾಳಿಗೆ ಹಾರಿ ಮೂಗು ಸೇರುತ್ತವೆ. ಡಿಎಚ್‌ಎ ಮತ್ತು ಪ್ರೋಲೀನ್ ಎಂಬ ಅಮೈನೊ ಆಮ್ಲ ಕೂಡಿದಾಗ ಬಿಸ್ಕತ್ತಿನಂಥ ವಾಸನೆಯ ವಸ್ತು ಉಂಟಾಗುತ್ತದೆ. ಸುಟ್ಟ ಬಿಸ್ಕತ್ತಿನ ವಾಸನೆ ಎಂದು ಬಳಕೆದಾರರು ಹೇಳುವುದು ಸುಮ್ಮನಲ್ಲ. ಎಲ್ಲರ ಚರ್ಮವೂ ಬೆವರೂ ಒಂದೇ ಬಗೆಯವಲ್ಲವಾದ್ದರಿಂದ ವಾಸನೆಯೂ ಒಬ್ಬರಿಂದೊಬ್ಬರಿಗೆ ಬೇರೆ.

ಕ್ರೀಮಿನ ಟ್ಯೂಬು ತೆರೆದಾಗ ಈ ವಾಸನೆ ಇರುವುದಿಲ್ಲ. ಹಚ್ಚಿ ಕೆಲವು ಗಂಟೆ ಕಳೆದ ಮೇಲೆ ಅದು ಚರ್ಮದ ಮೇಲೆಯೇ ತಯಾರಾಗುತ್ತದೆ. ಅಷ್ಟು ಹೊತ್ತಿಗೆ ಕ್ರೀಮಿಗೆ ಬೆರೆಸಿದ ಸುಗಂಧ ಹಾರಿಹೋಗಿರುತ್ತದೆ. ಹಳೆಯ ಲೋಷನ್‌ಗಳು ಸೋತದ್ದು ಇಲ್ಲಿಯೇ.

ಸುಧಾರಣೆ ಆದದ್ದು ಹೇಗೆ?

ಬೇಗ ಹಾರದ ಸುಗಂಧಗಳನ್ನು, ವಿಶೇಷವಾಗಿ ಹುರಿದ ವಾಸನೆಯೊಡನೆ ಹೊಂದಿಕೊಳ್ಳುವ ವೆನಿಲ್ಲಾ, ಕೊಬ್ಬರಿಯ ಪರಿಮಳಗಳನ್ನು ತಯಾರಕರು ಆಯ್ದುಕೊಂಡರು. ಕ್ಷಾರದಲ್ಲಿಯೂ ಶಾಖದಲ್ಲಿಯೂ ಡಿಎಚ್‌ಎ ಕೆಡುವುದರಿಂದ ಕ್ರೀಮನ್ನು ತುಸು ಆಮ್ಲೀಯವಾಗಿಡುವುದು ರೂಢಿಯಾಯಿತು. ಶುದ್ಧತೆ ಹೆಚ್ಚಿದಂತೆ ಮೊದಲಿನ ಕಿತ್ತಳೆ ಛಾಯೆಯೂ ತಗ್ಗಿತು. ನಾಲ್ಕು ಇಂಗಾಲದ ಎರಿಥ್ರುಲೋಸ್ ಎಂಬ ಸಕ್ಕರೆಯನ್ನು ಜೊತೆಗೆ ಬೆರೆಸಿ, ಡಿಎಚ್‌ಎ ಪ್ರಮಾಣವನ್ನು ಕಡಿಮೆ ಮಾಡುವ ದಾರಿಯೂ ದೊರೆಯಿತು. ಇದು ನಿಧಾನವಾಗಿ, ಎರಡು ದಿನಗಳವರೆಗೂ ಬಣ್ಣ ಕಟ್ಟುತ್ತದೆ.

ಇನ್ನೊಂದು ಉಪಾಯ ಸೈಕ್ಲೋಡೆಕ್ಸ್‌ಟ್ರಿನ್. ಮೆಕ್ಕೆಜೋಳದಂಥ ಧಾನ್ಯದ ಪಿಷ್ಟದಿಂದ ತಯಾರಾಗುವ ಇದರ ಅಣು ಬಟ್ಟಲಿನ ಆಕಾರದ್ದು. ವಾಸನೆಯ ಅಣುಗಳನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಇಷ್ಟಾದರೂ ವಾಸನೆ ಪೂರ್ತಿ ಅಳಿದಿಲ್ಲ, ಏಕೆಂದರೆ ಬಣ್ಣ ಬರುವುದೂ ವಾಸನೆ ಹುಟ್ಟುವುದೂ ಒಂದೇ ಕ್ರಿಯೆಯಿಂದ.

ತೊನ್ನಿಗೂ ಇದಕ್ಕೂ ಏನು ಸಂಬಂಧ?

ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಡಿಎಚ್‌ಎಗೆ ಆ ಕೋಶಗಳು ಬೇಕಿಲ್ಲ. ಸತ್ತ ಪದರವಿದ್ದರೆ ಸಾಕು. ಆದುದರಿಂದ ಬಿಳಿ ಮಚ್ಚೆಯೂ ಕಂದಾಗುತ್ತದೆ. ಸಾಮಾನ್ಯ ಮೇಕಪ್ಪಿನಂತೆ ಬೆವರಿಗೆ, ನೀರಿಗೆ ಕೂಡಲೇ ಅಳಿಸಿಹೋಗುವುದಿಲ್ಲ. ಇದು ಚಿಕಿತ್ಸೆಯಲ್ಲ, ಮರೆಮಾಚುವ ವಿಧಾನ ಮಾತ್ರ. ಕ್ರೀಮು ಸುತ್ತಲ ಚರ್ಮಕ್ಕೆ ತಾಗಿದರೆ ಅದೂ ಕಪ್ಪಾಗುವುದರಿಂದ ಮಚ್ಚೆಯ ಅಂಚಿನೊಳಗೇ ಹಚ್ಚುವ ತಾಳ್ಮೆ ಬೇಕು. ದಟ್ಟ ಮೈಬಣ್ಣಕ್ಕೆ ಹೊಂದಿಸಲು ಹಲವು ಸಲ ಹಚ್ಚಬೇಕಾಗುತ್ತದೆ.

ವಾಸನೆಯ ಪ್ರಶ್ನೆ ಮುಖ್ಯವಾಗುವುದು ಇಲ್ಲಿ. ಜನರ ಕಣ್ಣು ತಪ್ಪಿಸಲೆಂದು ಹಚ್ಚಿದ್ದು ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ ಮೂಗಿನ ಮೂಲಕ ಗುಟ್ಟು ಬಿಟ್ಟುಕೊಟ್ಟರೆ ಏನು ಪ್ರಯೋಜನ?

ಬಳಸುವವರ ಗಮನಕ್ಕೆ

ರಾತ್ರಿ ಹಚ್ಚಿಕೊಂಡು ಬೆಳಿಗ್ಗೆ ಸ್ನಾನ ಮಾಡಿದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ, ಬಣ್ಣ ಉಳಿಯುತ್ತದೆ. ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ತುರಿಕೆ ಬರುವುದೇ ಎಂದು ನೋಡಬೇಕು. ಕಣ್ಣು, ತುಟಿಗಳಿಗೆ ತಾಗಬಾರದು. ಸ್ಪ್ರೇ ಆದರೆ ಉಸಿರಿನೊಡನೆ ಒಳಗೆ ಹೋಗಬಾರದು. ಯುರೋಪಿನಲ್ಲಿ ಡಿಎಚ್‌ಎ ಪ್ರಮಾಣಕ್ಕೆ ಶೇ. 10ರ ಮಿತಿಯಿದೆ. ಈ ಬಣ್ಣ ಬಿಸಿಲಿಗೆ ರಕ್ಷಣೆ ನೀಡದು. ತೊನ್ನಿನ ಮಚ್ಚೆ ಬಿಸಿಲಿಗೆ ಬೇಗ ಸುಡುವುದರಿಂದ ಸನ್‌ಸ್ಕ್ರೀನ್ ಬೇರೆಯಾಗಿ ಬೇಕೇ ಬೇಕು. ಚರ್ಮತಜ್ಞರ ಸಲಹೆ ಪಡೆದ ಮೇಲೆ ಬಳಸುವುದು ಕ್ಷೇಮ.

ತೊನ್ನು ಅಂಟುರೋಗವಲ್ಲ. 'ಬಿಳಿ ಕುಷ್ಠ' ಎಂದು ಕೆಲವರು ಕರೆದರೂ ಕುಷ್ಠಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಅದು ಹರಡುವುದಿಲ್ಲ. ಈ ಮಾತು ಎಲ್ಲರಿಗೂ ತಿಳಿದರೆ ಮಚ್ಚೆಯನ್ನು ಮರೆಮಾಚಲೇಬೇಕಾದ ಒತ್ತಡವೂ ಅಷ್ಟರಮಟ್ಟಿಗೆ ಕಡಿಮೆಯಾದೀತು.