ವಸಂತದೊಡನೆ ಬರುವ ಚೆಂಡಾಟದ ಪುಸ್ತಕಗಳು

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇವುಡ್ ಪಾರ್ಕ್ ಎಂಬುದೊಂದು ಚಿಕ್ಕ ಊರು. 1960ರ ದಶಕದ ಮೊದಲ ಭಾಗದಲ್ಲಿ ಒಂದು ಮುಂಜಾನೆ ಲಾರೆನ್ಸ್ ರಿಟರ್ ಎಂಬ ಪ್ರಾಧ್ಯಾಪಕ ಆ ಊರಿನಲ್ಲಿ, ನಾಣ್ಯ ಹಾಕಿದರೆ ಬಟ್ಟೆ ಒಗೆದುಕೊಡುವ ಯಂತ್ರಗಳ ಅಂಗಡಿಯೊಂದನ್ನು ಹೊಕ್ಕು, ಕೊಳೆಯಾದ ಅಂಗಿಗಳನ್ನು ಯಂತ್ರಕ್ಕೆ ತುಂಬಿ, ಹತಾಶನಾಗಿ ಕುಳಿತಿದ್ದ. ಆತ ಅರಸಿಕೊಂಡು ಬಂದದ್ದು ಸ್ಯಾಮ್ ಕ್ರಾಫರ್ಡ್ ಎಂಬ ಹಳೆಯ ಬೇಸ್‌ಬಾಲ್ ಆಟಗಾರನನ್ನು. ಲಾಸ್ ಏಂಜಲೀಸಿನಿಂದ ಉತ್ತರಕ್ಕೆ ಇಷ್ಟರಿಂದ ಇಷ್ಟು ಮೈಲಿಗಳ ಒಳಗೆ ಹುಡುಕಿ ಎಂಬಷ್ಟೇ ಸುಳಿವು ಕ್ರಾಫರ್ಡನ ಹೆಂಡತಿಯಿಂದ ದೊರೆತಿತ್ತು. ಊರಿನಲ್ಲಿ ಯಾರನ್ನು ಕೇಳಿದರೂ ಆ ಹೆಸರಿನವರು ತಮಗೆ ಗೊತ್ತಿಲ್ಲವೆಂದೇ ಹೇಳಿದ್ದರು. ಪಕ್ಕದಲ್ಲಿ ಎತ್ತರದ ಮುದುಕನೊಬ್ಬ, ಅಂಚು ಹರಿದ ಪುಸ್ತಕವೊಂದನ್ನು ಓದುತ್ತ, ತನ್ನ ಬಟ್ಟೆಗಾಗಿ ಕಾದಿದ್ದ. ಹೊತ್ತು ಹೋಗದೆ ರಿಟರ್ ಆತನನ್ನೂ ಅದೇ ಪ್ರಶ್ನೆ ಕೇಳಿದ. ಸ್ಯಾಮ್ ಕ್ರಾಫರ್ಡ್ ತಾನೇ ಆಗಿರುವುದರಿಂದ ಆತನ ವಿಷಯ ಕೇಳಿಯೇ ಇರಬೇಕೆಂದು ಮುದುಕ ಉತ್ತರವಿತ್ತ.

ಇಂಥದೊಂದು ಪ್ರಸಂಗ ಕಾದಂಬರಿಯಲ್ಲಿ ಬಂದಿದ್ದರೆ ನಾವು ಲೇಖಕನನ್ನು ಹಳಿಯುತ್ತಿದ್ದೆವು; ಕಾಕತಾಳೀಯವನ್ನು ಇಷ್ಟು ನೆಚ್ಚಬಾರದು ಎನ್ನುತ್ತಿದ್ದೆವು. ಆದರೆ ಇದು ನಡೆದದ್ದು. 1966ರಲ್ಲಿ ಹೊರಬಂದ ‘ದಿ ಗ್ಲೋರಿ ಆಫ್ ದೇರ್ ಟೈಮ್ಸ್’ ಎಂಬ ಗ್ರಂಥದ ಹುಟ್ಟಿಗೆ ಸಂಬಂಧಿಸಿದ ಸಂಗತಿ.

ಕನ್ನಡ ಪಾಠ ಹೇಳುವವನಿಗೆ ಬೇಸ್‌ಬಾಲಿನ ಗೊಡವೆ ಏಕೆ ಎಂದು ಸ್ನೇಹಿತರು ಕೇಳುವುದುಂಟು. ಆ ಆಟವನ್ನು ಮೈದಾನದ ಬಳಿ ಕುಳಿತು ಕಂಡವನಲ್ಲ ನಾನು. ಅದರ ಪುಸ್ತಕಗಳ ಮೂಲಕವೇ ಅದು ನನಗೆ ಪರಿಚಿತವಾದದ್ದು. ನಮ್ಮಲ್ಲಿ ಯುಗಾದಿಗೆ ಪಂಚಾಂಗ ಬರುವಂತೆ, ಅಲ್ಲಿ ಪ್ರತಿ ವಸಂತದಲ್ಲಿಯೂ, ಪಂದ್ಯಗಳ ಋತು ಆರಂಭವಾಗುವ ಹೊತ್ತಿಗೆ ಸರಿಯಾಗಿ, ಬೇಸ್‌ಬಾಲನ್ನು ಕುರಿತ ಹೊಸ ಪುಸ್ತಕಗಳು ರಾಶಿಯಾಗಿ ಬರುತ್ತವೆ. ಈ ಆಟದ ಸಾಹಿತ್ಯಕ್ಕೆಂದೇ ‘ಸ್ಪಿಟ್‌ಬಾಲ್’ ಎಂಬ ಪತ್ರಿಕೆ ಹುಟ್ಟಿತು. ವರ್ಷದ ಅತ್ಯುತ್ತಮ ಬೇಸ್‌ಬಾಲ್ ಗ್ರಂಥಕ್ಕೆ ಅದು 1983ರಿಂದ ‘ಕೇಸಿ’ ಎಂಬ ಬಹುಮಾನವನ್ನು ಕೊಡತೊಡಗಿತು. ಇನ್ನಾವ ಆಟಕ್ಕಾದರೂ ಇಂಥ ಸಾಹಿತ್ಯಭಾಗ್ಯವಿದ್ದರೆ ಅದು ಕ್ರಿಕೆಟ್ಟಿಗೆ ಮಾತ್ರ.

ಇದಕ್ಕೆ ಕಾರಣ ಆಟದ ಸ್ವಭಾವದಲ್ಲಿಯೇ ಇದೆಯೆಂದು ನನ್ನ ಊಹೆ. ಚೆಂಡೆಸೆಯುವವ 60 ಅಡಿ 6 ಅಂಗುಲ ದೂರದಿಂದ, ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ದಾಂಡಿಗ ಹೊಡೆಯುತ್ತಾನೆ, ಇಲ್ಲವೆ ತಪ್ಪುತ್ತಾನೆ. ಎರಡು ಎಸೆತಗಳ ನಡುವೆ ಯೋಚಿಸಲು, ಹರಟಲು, ಹಳೆಯದನ್ನು ನೆನೆಯಲು ಬಿಡುವಿದೆ. ದೊಡ್ಡ ತಂಡವೊಂದು ಋತುವೊಂದರಲ್ಲಿ 162 ಪಂದ್ಯಗಳನ್ನಾಡುತ್ತದೆ. ಆರು ತಿಂಗಳ ಕಾಲ ಹೆಚ್ಚುಕಡಮೆ ದಿನಕ್ಕೊಂದು ಪಂದ್ಯ. ತಂಡದೊಡನೆ ಊರೂರು ಅಲೆಯುವ ವರದಿಗಾರನಿಗೆ ಆಟಗಾರರ ಸಿಟ್ಟು, ಸಂಕಟ, ಸಂಸಾರ ಎಲ್ಲವೂ ತಿಳಿದುಹೋಗುತ್ತವೆ. ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದು ಅದರಲ್ಲಿ ಹತ್ತರಲ್ಲೊಂದು ಪಾಲು; ಉಳಿದದ್ದು ಮನಸ್ಸಿನಲ್ಲಿ ಮಾಗಿ ಪುಸ್ತಕವಾಗುತ್ತದೆ.

ರಿಟರ್ ವರದಿಗಾರನಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಹಣಕಾಸು, ಬ್ಯಾಂಕಿಂಗುಗಳನ್ನು ಬೋಧಿಸುತ್ತಿದ್ದ ಅರ್ಥಶಾಸ್ತ್ರಜ್ಞ. 1961ರಲ್ಲಿ ಟೈ ಕಾಬ್ ಎಂಬ ಮಹಾ ಆಟಗಾರ ತೀರಿಕೊಂಡ. ಅದೇ ಸುಮಾರಿಗೆ ರಿಟರನ ತಂದೆಯೂ ತೀರಿಕೊಂಡರು. ತಂದೆಯ ಕಾಲದ ಆಟಗಾರರು ಒಬ್ಬೊಬ್ಬರಾಗಿ ಅಳಿಯುತ್ತಿದ್ದಾರೆ, ಅವರ ಮಾತನ್ನು ಹಿಡಿದಿಡುವವರು ಯಾರೂ ಇಲ್ಲ ಎಂಬ ಅಳಲು ಆತನನ್ನು ಹಿಡಿಯಿತು. ಆ ಕಾಲದ ಭಾರವಾದ ಟೇಪ್ ರೆಕಾರ್ಡರನ್ನು ಹೊತ್ತು ಆತ 75,000 ಮೈಲಿ ತಿರುಗಿದ. ಮುದುಕರು ಮಾತನಾಡಿದರು, ಆತ ಕೇಳಿಸಿಕೊಂಡ. ಪುಸ್ತಕದಲ್ಲಿ ರಿಟರನ ಪ್ರಶ್ನೆಗಳಿಗೆ ಎಡೆಯೇ ಇಲ್ಲ. ಒಬ್ಬೊಬ್ಬ ಮುದುಕನೂ ನಮ್ಮ ಜಗಲಿಯ ಮೇಲೆ ಕುಳಿತು ಕಥೆ ಹೇಳಿದಂತಿದೆ. ಬಂದ ಗೌರವಧನವನ್ನು ರಿಟರ್ ಅವರೊಡನೆ ಹಂಚಿಕೊಂಡದ್ದನ್ನೂ ಇಲ್ಲಿ ನೆನೆಯಬೇಕು.

ಕ್ರಾಫರ್ಡ್ ನೆಬ್ರಾಸ್ಕದ ವಾಹೂ ಎಂಬ ಹಳ್ಳಿಯ ಹುಡುಗ. ಕ್ಷೌರದ ಕೆಲಸ ಕಲಿಯುತ್ತಿದ್ದವನು ಊರಿನ ಗೆಳೆಯರೊಡನೆ ಬಂಡಿಯೇರಿ, ದಾರಿಯಲ್ಲಿ ಸಿಕ್ಕ ಹಳ್ಳಿಗಳ ಹುಡುಗರನ್ನು ಪಂದ್ಯಕ್ಕೆ ಕರೆಯುತ್ತ ಹೊರಟ. ಒಂದೇ ಹೊಡೆತಕ್ಕೆ ಮೂರನೆಯ ಠಾಣೆಯವರೆಗೆ ಓಡುವುದರಲ್ಲಿ ಆತ ಸ್ಥಾಪಿಸಿದ 309ರ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅಂಥವನನ್ನು ನೆರೆಹೊರೆಯವರೇ ಅರಿಯದೆ ಹೋದರು.

ಅದೇ ಪುಸ್ತಕದಲ್ಲಿ ಮಾತನಾಡುವ ಫ್ರೆಡ್ ಸ್ನಾಡ್‌ಗ್ರಾಸನ ದುಃಖ ಬೇರೆ ಬಗೆಯದು. 1912ರ ಅಂತಿಮ ಸರಣಿಯ ನಿರ್ಣಾಯಕ ಪಂದ್ಯದ ಹತ್ತನೆಯ ಸರದಿಯಲ್ಲಿ, ಸುಲಭವಾಗಿ ಕೈಗೆ ಬಂದ ಚೆಂಡೊಂದನ್ನು ಆತ ಜಾರಿಸಿಬಿಟ್ಟ. ಮರು ಹೊಡೆತದಲ್ಲಿ, ಹಿಡಿಯಲು ಅಸಾಧ್ಯವೆನ್ನಬಹುದಾದ ಇನ್ನೊಂದು ಚೆಂಡನ್ನು ಓಡಿ ಹಿಡಿದ. ಅದನ್ನು ಯಾರೂ ನೆನೆಯಲಿಲ್ಲ. ತಂಡ ಸೋತಿತು. ಮುಂದೆ ಆತ ಬ್ಯಾಂಕು ನಡೆಸಿದ, ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್ ನಗರದ ಮೇಯರನೂ ಆದ. 1974ರಲ್ಲಿ ತೀರಿಕೊಂಡಾಗ ನ್ಯೂಯಾರ್ಕಿನ ದೊಡ್ಡ ಪತ್ರಿಕೆ ಮರಣವಾರ್ತೆಯ ಶೀರ್ಷಿಕೆಯಲ್ಲಿಯೇ ಆ ಜಾರಿದ ಚೆಂಡನ್ನು ಸೇರಿಸಿತು. ಅರವತ್ತೆರಡು ವರ್ಷಗಳ ಬಾಳು ಒಂದು ಕ್ಷಣದ ಕೈತಪ್ಪಿಗೆ ಸಮನಾಗಲಿಲ್ಲ! ಸ್ನಾಡ್‌ಗ್ರಾಸನ ಬಾಯಿಂದಲೇ ಆ ಕಥೆ ಕೇಳಬೇಕೆಂದರೆ ಇಂದು ರಿಟರನ ಪುಸ್ತಕಕ್ಕೆ ಹೋಗಬೇಕು.

ಮುದುಕರು ಹೇಳಿದ್ದೆಲ್ಲವೂ ನಿಜವಲ್ಲ. ರೂಬ್ ಮಾರ್ಕ್ವರ್ಡ್ ಎಂಬಾತ ತನ್ನ ಬಾಲ್ಯದ ಬಗ್ಗೆ ಹೇಳಿದ ಮಾತುಗಳಲ್ಲಿ ಹಲವು ದಾಖಲೆಗೆ ಹೊಂದುವುದಿಲ್ಲವೆಂದು ಮುಂದಿನ ಸಂಶೋಧಕರು ತೋರಿಸಿದರು. 1971ರಲ್ಲಿ ಕೂಪರ್ಸ್‌ಟೌನಿನಲ್ಲಿ ಹುಟ್ಟಿದ ಬೇಸ್‌ಬಾಲ್ ಸಂಶೋಧನ ಸಂಘದವರು ಹಳೆಯ ಪತ್ರಿಕೆಗಳನ್ನು ಕೆದಕಿ ಇಂಥ ತಿದ್ದುಪಡಿಗಳನ್ನು ಮಾಡುತ್ತ ಬಂದಿದ್ದಾರೆ. ನಮ್ಮ ಶಾಸನ ಸಂಶೋಧಕರ ಹಟಕ್ಕೆ ಅವರ ಹಟ ಕಡಮೆಯದಲ್ಲ. ಆದರೂ ಮಾರ್ಕ್ವರ್ಡನ ಕಥೆಯನ್ನು ಓದುವುದನ್ನು ನಾನು ಬಿಟ್ಟಿಲ್ಲ.

ಹಿಂದಿನವರು ಸುಳ್ಳು ಬೆರೆಸಿದ್ದಕ್ಕೆ ಯಾರೂ ಮುನಿಯಲಿಲ್ಲ. ನಿಜ ಬರೆದವನಿಗೆ ಮಾತ್ರ ಶಿಕ್ಷೆಯಾಯಿತು. ಜಿಮ್ ಬೌಟನ್ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ 1963ರಲ್ಲಿ 21 ಪಂದ್ಯಗಳನ್ನು ಗೆದ್ದುಕೊಟ್ಟ ಎಸೆಗಾರ. ಎಸೆಯುವ ರಭಸಕ್ಕೆ ತಲೆಯ ಟೋಪಿ ಹಾರಿಬೀಳುವುದು ಆತನ ಗುರುತಾಗಿತ್ತು. ತೋಳು ಕೆಟ್ಟಿತು, ವೇಗ ಹೋಯಿತು. 1969ರಲ್ಲಿ, ಆ ವರ್ಷವೇ ಹುಟ್ಟಿ ಮರುವರ್ಷವೇ ಊರು ಬಿಟ್ಟ ಸಿಯಾಟಲಿನ ಬಡ ತಂಡವೊಂದರಲ್ಲಿ, ಗಾಳಿಯಲ್ಲಿ ತಿರುಗದೆ ತಡವರಿಸುತ್ತ ಹೋಗುವ ಮಂದಗತಿಯ ಎಸೆತವನ್ನು ನಂಬಿ ಹೊಟ್ಟೆ ಹೊರೆಯುತ್ತಿದ್ದ. ಕಂಡದ್ದನ್ನೆಲ್ಲ ಸಿಕ್ಕ ಕಾಗದದ ಚೂರುಗಳ ಮೇಲೆ ಗೀಚಿಟ್ಟುಕೊಂಡ. ಪತ್ರಕರ್ತ ಲೆನರ್ಡ್ ಶೆಕ್ಟರನ ನೆರವಿನಿಂದ 1970ರಲ್ಲಿ ಅದು ‘ಬಾಲ್ ಫೋರ್’ ಎಂಬ ದಿನಚರಿಯಾಗಿ ಬಂದಿತು.

ಅದರಲ್ಲಿ ಏನಿದ್ದಿತು? ಜನ ದೇವರೆಂದು ಪೂಜಿಸುತ್ತಿದ್ದ ಮಿಕಿ ಮ್ಯಾಂಟಲ್ ಕುಡಿಯುತ್ತಿದ್ದದ್ದು, ಆಟಗಾರರು ಚುರುಕಾಗಲು ನುಂಗುತ್ತಿದ್ದ ಹಸಿರು ಗುಳಿಗೆಗಳು, ಒಡೆಯರು ಸಂಬಳದ ವಿಷಯದಲ್ಲಿ ಆಡುತ್ತಿದ್ದ ಸಣ್ಣತನ. ಆಗ ಆಟಗಾರನೊಬ್ಬ ತನ್ನಿಷ್ಟದಂತೆ ತಂಡ ಬಿಟ್ಟು ಹೋಗುವಂತಿರಲಿಲ್ಲ. ಆ ಕಟ್ಟು ಸಡಿಲಿದ್ದು 1975ರ ಕೊನೆಯಲ್ಲಿ, ಮಧ್ಯಸ್ಥಗಾರನೊಬ್ಬನ ತೀರ್ಪಿನಿಂದ. ಆಟದ ಆಯುಕ್ತ ಬೋವಿ ಕೂನ್ ಬೌಟನ್ನನನ್ನು ಕರೆಸಿ, ಪುಸ್ತಕದಲ್ಲಿರುವುದು ಸುಳ್ಳೆಂಬ ಹೇಳಿಕೆಗೆ ಸಹಿ ಹಾಕೆಂದ. ಬೌಟನ್ ಹಾಕಲಿಲ್ಲ. ಹಳೆಯ ಗೆಳೆಯರು ಮುಖ ತಿರುಗಿಸಿದರು. ಯಾಂಕೀಸಿನವರು ಹಳೆಯ ಆಟಗಾರರನ್ನೆಲ್ಲ ವರ್ಷಕ್ಕೊಮ್ಮೆ ಕರೆದು ಸತ್ಕರಿಸುವ ದಿನಕ್ಕೆ ಆತನಿಗೆ ಮಾತ್ರ ಆಹ್ವಾನವಿಲ್ಲ. 1997ರಲ್ಲಿ ಬೌಟನ್ನನ ಮಗಳು ಲಾರಿ ರಸ್ತೆ ಅಪಘಾತದಲ್ಲಿ ಮಡಿದಳು. ಮರುವರ್ಷ ಮಗ ಮೈಕಲ್ ಪತ್ರಿಕೆಯಲ್ಲಿ ಬಹಿರಂಗ ಪತ್ರವೊಂದನ್ನು ಬರೆದು, ಇನ್ನಾದರೂ ತನ್ನ ತಂದೆಯನ್ನು ಕರೆಯಿರೆಂದು ಬೇಡಿಕೊಂಡ. ಕರೆ ಬಂದಿತು. 1998ರಲ್ಲಿ, ತನ್ನ ಹಳೆಯ 56ರ ಅಂಗಿ ತೊಟ್ಟು ಬೌಟನ್ ಮೈದಾನಕ್ಕೆ ಇಳಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪುಸ್ತಕ ಬಂದು ಆಗ ಇಪ್ಪತ್ತೆಂಟು ವರ್ಷ. ಬೌಟನ್ 2019ರಲ್ಲಿ ತೀರಿಕೊಂಡ.

ನನ್ನ ಮಟ್ಟಿಗೆ ಎಲ್ಲಕ್ಕೂ ಮಿಗಿಲಾದದ್ದು ರೋಜರ್ ಕಾನನ ‘ದಿ ಬಾಯ್ಸ್ ಆಫ್ ಸಮರ್’ (1972). ಕಾನ್ ಬ್ರೂಕ್ಲಿನ್ನಿನವನೇ. 1952–53ರಲ್ಲಿ, ಇಪ್ಪತ್ತೈದರ ಆಸುಪಾಸಿನ ತರುಣ ವರದಿಗಾರನಾಗಿ ಅಲ್ಲಿಯ ಡಾಡ್ಜರ್ಸ್ ತಂಡದೊಡನೆ ತಿರುಗಿದ. 1947ರಲ್ಲಿ ಜ್ಯಾಕಿ ರಾಬಿನ್‌ಸನ್ನನನ್ನು ಆಡಿಸಿ, ದೊಡ್ಡ ತಂಡಗಳಲ್ಲಿ ಕರಿಯರಿಗಿದ್ದ ಬಹಿಷ್ಕಾರವನ್ನು ಮುರಿದ ತಂಡ ಅದು. 1957ರ ನಂತರ ಒಡೆಯ ತಂಡವನ್ನು ಲಾಸ್ ಏಂಜಲೀಸಿಗೆ ಒಯ್ದ. 1960ರಲ್ಲಿ ಮೈದಾನವನ್ನೂ ಕೆಡವಿದರು. ಹತ್ತಾರು ವರ್ಷಗಳಾದ ಮೇಲೆ ಕಾನ್ ಆ ಆಟಗಾರರ ಮನೆಗಳನ್ನು ಅರಸಿಕೊಂಡು ಹೋದ. ರಾಯ್ ಕ್ಯಾಂಪನೆಲ ಕಾರು ಅಪಘಾತದಿಂದ ನಡೆಯಲಾರದವನಾಗಿ ಗಾಲಿಕುರ್ಚಿಯಲ್ಲಿದ್ದ. ಕಾರ್ಲ್ ಫುರಿಲೊ, ನ್ಯೂಯಾರ್ಕಿನಲ್ಲಿ ಆಗ ಮೇಲೇಳುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರಿಗೆ ಲಿಫ್ಟು ಜೋಡಿಸುವ ಕೂಲಿ ಮಾಡುತ್ತಿದ್ದ. ರಾಬಿನ್‌ಸನ್ ತನ್ನ ಹಿರಿಯ ಮಗನನ್ನು 1971ರಲ್ಲಿ ಕಳೆದುಕೊಂಡ. ಪುಸ್ತಕ ಬಂದ ವರ್ಷವೇ ತಾನೂ ಹೋದ. ಕಾರ್ಲ್ ಅರ್ಸ್ಕಿನ್ ಹುಟ್ಟೂರಿನಲ್ಲಿ, ಬುದ್ಧಿ ಬೆಳೆಯದೆ ಹುಟ್ಟಿದ ಮಗ ಜಿಮ್ಮಿಯನ್ನು ಸಂಸ್ಥೆಗೆ ಕಳುಹಿಸದೆ ಮನೆಯಲ್ಲಿಯೇ ಸಾಕುತ್ತಿದ್ದ. ಆ ಮಗ 63 ವರ್ಷ ಬಾಳಿ 2023ರಲ್ಲಿ ತೀರಿಕೊಂಡ. ಕೆಲವೇ ತಿಂಗಳಲ್ಲಿ, 2024ರ ಏಪ್ರಿಲಿನಲ್ಲಿ, ತಂದೆಯೂ. ಪುಸ್ತಕದ ಕೊನೆಯ ಕೊಂಡಿ ಅಲ್ಲಿಗೆ ಕಳಚಿತು.

ರಾಬಿನ್‌ಸನ್ನನ ಅಧ್ಯಾಯವನ್ನು ಓದುವಾಗ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲವಂಕರ ಬಾಳೂ ನೆನಪಾಗದಿರರು. ಪುಣೆಯಲ್ಲಿ ಅದೇ ತಂಡದ ಸವರ್ಣರು ಒಳಗೆ ಕುಳಿತು ಚಹಾ ಕುಡಿಯುವಾಗ ಅವರಿಗೆ ಹೊರಗೆ ಬೇರೆ ಬಟ್ಟಲು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ಟು ಕೆಡವಿದರೂ ಅವರಿಗೆ ಹಿಂದೂ ತಂಡದ ನಾಯಕತ್ವ ದೊರೆಯಲಿಲ್ಲ. ಅವರ ಕಥೆಯನ್ನು ವಿಸ್ತಾರವಾಗಿ ಬರೆದವರು ರಾಮಚಂದ್ರ ಗುಹಾ, 2002ರಲ್ಲಿ, ಅದೂ ಇಂಗ್ಲಿಷಿನಲ್ಲಿ. ಬಾಳೂ ಬದುಕಿದ್ದಾಗ ಅವರ ಮನೆಬಾಗಿಲಿಗೆ ಹೋಗುವ ರಿಟರನೊಬ್ಬ ನಮ್ಮಲ್ಲಿ ಇರಲಿಲ್ಲ.

ಇನ್ನೊಂದು ಬಗೆಯ ಪುಸ್ತಕಗಳೂ ಇವೆ: ಅಂಕಿಗಳವು. ಕ್ಯಾನ್ಸಸ್ಸಿನ ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲಿದ್ದ ಬಿಲ್ ಜೇಮ್ಸ್ 1977ರಲ್ಲಿ ತಾನೇ ಪ್ರತಿ ಮಾಡಿಸಿ ಮಾರಿದ ಪುಸ್ತಿಕೆಯನ್ನು ಕೊಂಡವರು ಸುಮಾರು 75 ಮಂದಿ. ಆ ವಿಚಾರಗಳೇ ಮೈಕಲ್ ಲೂಯಿಸನ ‘ಮನಿಬಾಲ್’ (2003) ಮೂಲಕ ಜಗತ್ತಿಗೆಲ್ಲ ಹಬ್ಬಿದವು. ಅದು ಚಲಚ್ಚಿತ್ರವೂ ಆದದ್ದನ್ನು ವಾಚಕರು ಬಲ್ಲರು, ಹೆಚ್ಚು ಹೇಳುವುದಿಲ್ಲ.

ಹೊಸಬರಲ್ಲಿ ನನಗೆ ಮೆಚ್ಚಾದವನು ಬ್ರ್ಯಾಡ್ ಬಲುಕ್ಜಿಯನ್. ವೃತ್ತಿಯಿಂದ ಜೀವಶಾಸ್ತ್ರದ ಅಧ್ಯಾಪಕ, ಕೀಟಗಳನ್ನು ಅಭ್ಯಸಿಸಿದವನು. ಅಂಗಡಿಗಳಲ್ಲಿ ಮಕ್ಕಳಿಗೆ ಮಾರುತ್ತಿದ್ದ, ಆಟಗಾರರ ಚಿತ್ರಪಟಗಳುಳ್ಳ ಕಾಗದದ ಪೊಟ್ಟಣವೊಂದು, 1986ರದು, ಒಡೆಯದೆ ಉಳಿದದ್ದು ಆತನ ಕೈಗೆ ಬಂದಿತು. ಒಡೆದ. ಒಳಗೆ ಹದಿನಾಲ್ಕು ಆಟಗಾರರ ಚಿತ್ರಗಳು. 2015ರ ಬೇಸಗೆಯಲ್ಲಿ ಕಾರು ಹತ್ತಿ 11,000 ಮೈಲಿಗೂ ಹೆಚ್ಚು ಅಲೆದು ಅವರನ್ನು ಹುಡುಕಿದ. 2020ರಲ್ಲಿ ‘ದಿ ವ್ಯಾಕ್ಸ್ ಪ್ಯಾಕ್’ ಬಂದಿತು. ಹದಿನಾಲ್ವರಲ್ಲಿ ಅಲ್ ಕೌವನ್ಸ್ ಆಗಲೇ ತೀರಿಕೊಂಡಿದ್ದ. ರಿಚಿ ಹೆಬ್ನರ್, ಆಟದ ದಿನಗಳಲ್ಲಿಯೂ ಋತು ಮುಗಿದೊಡನೆ ಊರಿಗೆ ಹೋಗಿ ಗೋರಿ ತೋಡುತ್ತಿದ್ದವನು. ಡಾನ್ ಕಾರ್ಮನ್ ಸಾಧಾರಣ ಎಸೆಗಾರ. ಆದರೆ ಬಲುಕ್ಜಿಯನ್ ಬಾಲಕನಾಗಿದ್ದಾಗ ಪೂಜಿಸಿದ್ದು ಆತನನ್ನೇ. ಈಗ ಆತ ಆಟಗಾರರ ಮನಶ್ಶಾಸ್ತ್ರಜ್ಞನಾಗಿದ್ದ. ಕಾರ್ಮನ್ ಅಭಿಮಾನಿಯನ್ನು ಆದರದಿಂದ ಕಂಡ. ಬಾಲ್ಯದ ನೋವನ್ನೂ ಮರೆಮಾಚದೆ ಮಾತನಾಡಿದ. ಹದಿನಾಲ್ವರಲ್ಲಿ ಅತ್ಯಂತ ಪ್ರಖ್ಯಾತನಾದ ಕಾರ್ಲ್‌ಟನ್ ಫಿಸ್ಕ್ ಮಾತ್ರ, ಎಷ್ಟು ಬೆನ್ನು ಹತ್ತಿದರೂ ಸಂದರ್ಶನಕ್ಕೆ ಒಪ್ಪಲಿಲ್ಲ.