ಮಕ್ಕಳಿಗೆ ಸ್ಟೀರಾಯ್ಡ್: ಅಂಜಬೇಕಾದದ್ದು ಯಾವುದಕ್ಕೆ?

ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಎರಡು ಮಾತು ಒಂದೇ ಮನೆಯೊಳಗೆ ಕೇಳಸಿಗುತ್ತವೆ. ‘ಕೂಸಿಗೆ ಪಂಪು ಹಚ್ಚಬ್ಯಾಡ್ರಿ, ಅದರಾಗ ಸ್ಟೀರಾಯ್ಡ್ ಇರ್ತದಂತ’ ಎಂಬುದು ಒಂದು. ‘ಮೆಡಿಕಲ್‌ದಾಗ ಒಂದು ಟ್ಯೂಬ್ ತಂದು ಹಚ್ರಿ, ಗಜಕರ್ಣ ಎರಡು ದಿನದಾಗ ಹೋಗ್ತದ’ ಎಂಬುದು ಇನ್ನೊಂದು. ಪಂಪಿನಲ್ಲಿ, ಅಂದರೆ ದಮ್ಮಿನ ಇನ್‌ಹೇಲರಿನಲ್ಲಿ, ಬಹಳ ಸಲ ಸ್ಟೀರಾಯ್ಡ್ ಇರುವುದು ನಿಜ. ಆದರೆ ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬುದನ್ನು ವೈದ್ಯರು ಚೀಟಿಯಲ್ಲಿ ಬರೆದಿರುತ್ತಾರೆ. ಟ್ಯೂಬಿನಲ್ಲೂ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಅದನ್ನು ಕೊಟ್ಟವರೂ ಹೇಳುವುದಿಲ್ಲ, ತಂದವರೂ ಕೇಳುವುದಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ತಾಯಿತಂದೆಯರ ಅಂಜಿಕೆ ಸುಳ್ಳಲ್ಲ. ಅದು ತಪ್ಪು ಜಾಗದಲ್ಲಿ ಕೂತಿದೆ, ಅಷ್ಟೆ. ಅಂಜಬೇಕಾದದ್ದು ಹೆಸರು, ಅಳತೆ, ದಿನದ ಲೆಕ್ಕ ಮೂರೂ ಗೊತ್ತಿಲ್ಲದ ಸ್ಟೀರಾಯ್ಡಿಗೆ.

‘ಸ್ಟೀರಾಯ್ಡ್ ಅಂದ್ರ ಪೈಲ್ವಾನರು ತಗೊಳ್ಳೋ ಔಷಧ’

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಚಿನ್ನದ ಪದಕ ಕಳೆದುಕೊಂಡದ್ದು ಸ್ಟಾನೊಜೊಲಾಲ್ ಎಂಬ ಔಷಧದಿಂದ. ಅದು ಪುರುಷ ಹಾರ್ಮೋನಿನ ಬಳಗಕ್ಕೆ ಸೇರಿದ್ದು, ಮಾಂಸಖಂಡ ಬೆಳೆಸುವಂಥದ್ದು. ಮಕ್ಕಳ ವೈದ್ಯರು ಬರೆಯುವ ಸ್ಟೀರಾಯ್ಡ್ ಬೇರೆ ಬಳಗದ್ದು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡಿಫ್ಲಜಕಾರ್ಟ್, ಹೈಡ್ರೊಕಾರ್ಟಿಸೋನ್ ಎಲ್ಲವೂ ಆ ಕಾರ್ಟಿಸೋಲಿನ ಕೆಲಸ ಮಾಡುವ ಔಷಧಿಗಳು. ಉರಿಯೂತವನ್ನು, ಅಂದರೆ ಗಾಯ, ಸೋಂಕು, ಅಲರ್ಜಿಯಂಥವಕ್ಕೆ ದೇಹ ತೋರುವ ಕೆಂಪು, ಊತದ ಪ್ರತಿಕ್ರಿಯೆಯನ್ನು, ಇವು ತಗ್ಗಿಸುತ್ತವೆ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1948ರ ಸೆಪ್ಟೆಂಬರ್‌ನಲ್ಲಿ ಫಿಲಿಪ್ ಹೆಂಚ್ ಅವರು ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಡಿಸಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್, ಟೇಡಿಯಸ್ ರೀಚ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ದಿನ ಕೊಟ್ಟವರ ಮುಖ ದುಂಡಗಾಗುವುದು, ತೂಕ ಏರುವುದು, ಎಲುಬು ಸವೆಯುವುದು ಕೂಡ ಬೇಗನೆ ಕಣ್ಣಿಗೆ ಬಿತ್ತು. ಗುಣವೂ ದೋಷವೂ ಒಂದೇ ಕೆಲಸದ ಎರಡು ಮುಖ ಎಂಬುದು ವೈದ್ಯಲೋಕಕ್ಕೆ ಅಂದಿನಿಂದಲೇ ಗೊತ್ತು.

‘ಮುಖ ಊದೇದ, ಗುಳಿಗಿ ನಿಲ್ಲಿಸಿಬಿಡೋಣು’

ಈ ತಪ್ಪು ತಿಳಿವಳಿಕೆ ಮಗುವಿನ ಜೀವಕ್ಕೇ ಕುತ್ತು ತರಬಲ್ಲದು.

ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ ನೆಫ್ರೋಟಿಕ್ ಸಿಂಡ್ರೋಮ್. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುತ್ತದೆ, ಮೂತ್ರ ನೊರೆ ನೊರೆಯಾಗುತ್ತದೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಬರುತ್ತದೆ. ಮೊದಮೊದಲು ಮನೆಯವರು ದೃಷ್ಟಿ ತಾಗಿದೆ ಎಂದು ನಿವಾಳಿಸುತ್ತಾರೆ, ಇಲ್ಲವೆ ಕಣ್ಣಿಗೆ ಹನಿ ಹಾಕಿಸುತ್ತಾರೆ. ಕಾಲು, ಹೊಟ್ಟೆ ಊದಿದ ಮೇಲೆ ದವಾಖಾನೆಯ ದಾರಿ ಹಿಡಿಯುತ್ತಾರೆ. ಸ್ಟೀರಾಯ್ಡ್ ಮತ್ತು ಆ್ಯಂಟಿಬಯಾಟಿಕ್ ಬರುವ ಮೊದಲು ಈ ಕಾಯಿಲೆಗೆ ಬಹಳ ಮಕ್ಕಳು ಬಲಿಯಾಗುತ್ತಿದ್ದರು. ಇಂದು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಪ್ರೆಡ್ನಿಸೋಲೋನ್ ಗುಳಿಗೆಗೆ ಒಗ್ಗಿ ಚೇತರಿಸಿಕೊಳ್ಳುತ್ತಾರೆ. ಮೊದಲ ಸಲ ಕಾಯಿಲೆ ಬಂದಾಗ ಆರು ವಾರ ದಿನವೂ, ಮುಂದಿನ ಆರು ವಾರ ಕಡಿಮೆ ಪ್ರಮಾಣದಲ್ಲಿ ದಿನ ಬಿಟ್ಟು ದಿನ ಕೊಡುವುದು ಭಾರತದ ಮಕ್ಕಳ ಮೂತ್ರಪಿಂಡ ತಜ್ಞರು ಒಪ್ಪಿರುವ ಕ್ರಮ. ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 2 ಮಿಲಿಗ್ರಾಂ ಲೆಕ್ಕ. 15 ಕಿಲೋ ಮಗುವಿಗೆ 30 ಮಿಲಿಗ್ರಾಂ, ಅಂದರೆ 10 ಮಿಲಿಗ್ರಾಂನ ಮೂರು ಗುಳಿಗೆ. ‘ಇಷ್ಟು ಸಣ್ಣ ಕೂಸಿಗೆ ಮೂರು ಗುಳಿಗೇನ್ರಿ?’ ಎಂದು ಅಜ್ಜಿ ಬೆದರುವುದು ಸಹಜ. ಪ್ರಮಾಣ ಮಾತ್ರ ಸರಿಯಾಗಿಯೇ ಇರುತ್ತದೆ.

ಮೂರನೆಯದೋ ನಾಲ್ಕನೆಯದೋ ವಾರಕ್ಕೆ ಮಗುವಿನ ಕೆನ್ನೆ ದುಂಡಗಾಗುತ್ತದೆ. ಹಸಿವು ವಿಪರೀತ. ರೊಟ್ಟಿ ತಿಂದು ಎದ್ದವನು ಮತ್ತೆ ರೊಟ್ಟಿ ಕೇಳುತ್ತಾನೆ. ಸಿಟ್ಟು, ಹಟ, ರಾತ್ರಿ ನಿದ್ದೆಗೇಡು. ‘ಬಾವು ಮತ್ತ ಬಂತು, ಔಷಧ ತಾಗಲಿಲ್ಲ’ ಎಂದು ಮನೆಯವರು ತೀರ್ಮಾನಿಸುವುದು ಈ ಹೊತ್ತಿನಲ್ಲೇ. ಎರಡೂ ಬೇರೆ ಬೇರೆ. ಕಾಯಿಲೆಯ ಬಾವು ಬೆಳಿಗ್ಗೆ ಕಣ್ಣಿನ ಸುತ್ತ ಹೆಚ್ಚು, ಕಾಲನ್ನು ಒತ್ತಿದರೆ ಕುಳಿ ಬೀಳುತ್ತದೆ, ಮೂತ್ರ ಕಡಿಮೆ. ಸ್ಟೀರಾಯ್ಡಿನ ಊತದಲ್ಲಿ ಕೆನ್ನೆಯಲ್ಲಿ ಕೊಬ್ಬು ಸೇರಿರುತ್ತದೆ, ಕಾಲಲ್ಲಿ ಕುಳಿ ಬೀಳುವುದಿಲ್ಲ, ಮೂತ್ರ ಸಲೀಸು. ಅನುಮಾನವಿದ್ದರೆ ಬೆಳಗಿನ ಮೂತ್ರದಲ್ಲಿ ಪ್ರೋಟೀನ್ ಪಟ್ಟಿ ಅದ್ದಿ ನೋಡಿದರೆ ಮನೆಯಲ್ಲೇ ಉತ್ತರ ಸಿಗುತ್ತದೆ. ಔಷಧದ ಪ್ರಮಾಣ ಇಳಿದ ಮೇಲೆ ತಿಂಗಳುಗಳಲ್ಲಿ ಕೆನ್ನೆ ಮೊದಲಿನಂತಾಗುತ್ತದೆ.

ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ? ಎರಡು ಮೂರು ವಾರಕ್ಕಿಂತ ಹೆಚ್ಚು ಕಾಲ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ನಿಧಾನಿಸಿಬಿಡುತ್ತವೆ. ಗುಳಿಗೆ ತಟ್ಟನೆ ನಿಂತರೆ ದೇಹದಲ್ಲಿ ಕಾರ್ಟಿಸೋಲೇ ಇಲ್ಲದಂತಾಗಿ ವಾಂತಿ, ಸುಸ್ತು, ರಕ್ತದೊತ್ತಡ ಕುಸಿತ, ಸಕ್ಕರೆ ಕುಸಿತ, ಕೊನೆಗೆ ಪ್ರಜ್ಞೆ ತಪ್ಪುವುದೂ ಆಗಬಹುದು. ಗುಳಿಗೆ ಪೂರ್ತಿ ನಿಂತ ಮೇಲೂ ಗ್ರಂಥಿಗಳು ಮೊದಲಿನ ಹದಕ್ಕೆ ಬರಲು ಕೆಲವು ತಿಂಗಳು ಹಿಡಿಯಬಹುದು. ಆ ಅವಧಿಯಲ್ಲಿ ಜೋರು ಜ್ವರ, ಅಪಘಾತ, ಆಪರೇಷನ್ ಏನೇ ಬಂದರೂ ‘ಇಂಥ ತಿಂಗಳವರೆಗೆ ಸ್ಟೀರಾಯ್ಡ್ ಕೊಟ್ಟಿದ್ದೆವು’ ಎಂದು ವೈದ್ಯರಿಗೆ ಮೊದಲು ಹೇಳಬೇಕು.

ಈ ಜಿಲ್ಲೆಯಲ್ಲಿ ಗುಳಿಗೆ ನಿಲ್ಲಲು ಇನ್ನೊಂದು ಕಾರಣವಿದೆ, ಅದು ಗುಳೆ. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಯ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಯಾದಗಿರಿಯಲ್ಲೋ ಕಲಬುರಗಿಯಲ್ಲೋ ಬರೆಸಿದ ಚೀಟಿ ಊರಲ್ಲೇ ಉಳಿಯುತ್ತದೆ, ಗುಳಿಗೆ ದಾರಿಯಲ್ಲಿ ಮುಗಿಯುತ್ತದೆ. ಹೊಸ ಊರಿನ ಮೆಡಿಕಲ್‌ನವರಿಗೆ ಯಾವ ಗುಳಿಗೆ, ಎಷ್ಟನೆಯ ವಾರ ಎಂಬುದು ಗೊತ್ತಾಗುವುದಿಲ್ಲ. ಇದನ್ನು ತಾಯಿಯ ಅಲಕ್ಷ್ಯ ಎಂದು ಜರಿಯುವುದು ಅನ್ಯಾಯ. ಚೀಟಿ ಬರೆಯುವಾಗಲೇ ‘ಎಲ್ಲಿಗಾದರೂ ಹೋಗುವವರಿದ್ದೀರಾ?’ ಎಂದು ಕೇಳಿ, ವಾರವಾರದ ಪ್ರಮಾಣವನ್ನು ಕನ್ನಡದಲ್ಲಿ ಬರೆದುಕೊಡುವುದು ದವಾಖಾನೆಯ ಹೊಣೆ. ಆ ಹಾಳೆಯ ಫೋಟೊ ಅಪ್ಪನ ಮೊಬೈಲಿನಲ್ಲಿದ್ದರೆ ಅರ್ಧ ಸಂಕಟ ತಪ್ಪುತ್ತದೆ.

ಎಲ್ಲ ಸ್ಟೀರಾಯ್ಡನ್ನೂ ನಿಧಾನಕ್ಕೇ ಬಿಡಬೇಕೆಂದಲ್ಲ. ದಮ್ಮು ಜೋರಾದಾಗ ಕೊಡುವ ಮೂರರಿಂದ ಐದು ದಿನದ ಔಷಧವನ್ನು ಹೇಳಿದ ದಿನಕ್ಕೆ ನಿಲ್ಲಿಸಬಹುದು. ಗಂಟಲು ಊದಿ ನಾಯಿ ಬೊಗಳಿದಂಥ ಕೆಮ್ಮು ಬರುವ ಕ್ರೂಪ್ ಕಾಯಿಲೆಗೆ ಡೆಕ್ಸಾಮೆಥಾಸೋನಿನ ಒಂದೇ ಡೋಸ್ ಬಹುತೇಕ ಸಾಕಾಗುತ್ತದೆ.

‘ಪಂಪು ಹಿಡಿದ್ರ ಬಿಡಂಗಿಲ್ಲ, ಕೂಸು ಗಿಡ್ಡ ಉಳೀತದ’

ಇನ್‌ಹೇಲರ್ ಚಟವಾಗುವುದಿಲ್ಲ. ಅದರಲ್ಲಿರುವ ಸ್ಟೀರಾಯ್ಡಿನ ಅಳತೆ ನೋಡಿ. ಬುಡೆಸೊನೈಡ್ ಇನ್‌ಹೇಲರಿನಲ್ಲಿ ಸಣ್ಣ ಮಗುವಿಗೆ ದಿನಕ್ಕೆ ಕೊಡುವುದು ಸಾಮಾನ್ಯವಾಗಿ 100ರಿಂದ 200 ಮೈಕ್ರೊಗ್ರಾಂ. 10 ಮಿಲಿಗ್ರಾಂನ ಒಂದು ಪ್ರೆಡ್ನಿಸೋಲೋನ್ ಗುಳಿಗೆ ಎಂದರೆ 10,000 ಮೈಕ್ರೊಗ್ರಾಂ. ಎರಡೂ ಬೇರೆ ಔಷಧಿಗಳಾದ್ದರಿಂದ ಇದು ತಕ್ಕಡಿಯ ಹೋಲಿಕೆಯಾಗುವುದಿಲ್ಲ. ಆದರೂ ಶ್ವಾಸಕೋಶಕ್ಕೇ ಹೋಗುವ ಆ ಹನಿ ಮದ್ದಿಗೆ ಹೆದರಿ, ತಿಂಗಳಿಗೊಮ್ಮೆ ದಮ್ಮು ಹೆಚ್ಚಾದಾಗ ಗುಳಿಗೆ, ಸೂಜಿ ಮಾಡಿಸುವ ಮನೆಯವರು ಮಗುವಿನ ಮೈಗೆ ಒಟ್ಟಾರೆ ಹೆಚ್ಚು ಸ್ಟೀರಾಯ್ಡನ್ನೇ ಹಾಕಿಸಿರುತ್ತಾರೆ.

ಎತ್ತರದ ಪ್ರಶ್ನೆಗೆ ಪ್ರಾಮಾಣಿಕ ಉತ್ತರವಿದೆ. ಬುಡೆಸೊನೈಡ್ ಪಡೆದ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದ ಅಮೆರಿಕದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಔಷಧ ಪಡೆಯದವರಿಗಿಂತ ಅವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು. ವ್ಯತ್ಯಾಸ ಇದೆ, ಮುಚ್ಚಿಡಬೇಕಿಲ್ಲ. ಹತೋಟಿಗೆ ಬಾರದ ಅಸ್ತಮಾ ಕೂಡ ಬೆಳವಣಿಗೆ ಕುಗ್ಗಿಸುತ್ತದೆ, ಉಸಿರು ಕಟ್ಟಿದ ರಾತ್ರಿ ಜೀವವನ್ನೇ ಒಯ್ಯಬಹುದು. ಇನ್‌ಹೇಲರಿಗೆ ಸ್ಪೇಸರ್ ಎಂಬ ಕೊಳವೆ ಹಚ್ಚಿ ಎಳೆಸಿ, ಆಮೇಲೆ ಬಾಯಿ ಮುಕ್ಕಳಿಸಿದರೆ ನಾಲಿಗೆಯ ಬಿಳಿ ಹುಣ್ಣು, ಧ್ವನಿ ಒಡೆಯುವುದು ತಪ್ಪುತ್ತದೆ.

ಮೃಗಶಿರ ಮಳೆ ಕೂಡುವ ದಿನ ದಮ್ಮು ವಾಸಿಯಾಗಲೆಂದು ಮೀನಿನ ಪ್ರಸಾದಕ್ಕೆ ಹೈದರಾಬಾದಿಗೆ ಹೋಗುವವರು ಈ ಭಾಗದಲ್ಲೂ ಇದ್ದಾರೆ. ಅವರ ನಂಬಿಕೆ ಅವರದು. ಮಗುವಿನ ಇನ್‌ಹೇಲರನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬಾರದು. ‘ದಮ್ಮಿನ ಪುಡಿ’ ಎಂದು ಕಟ್ಟಿಕೊಡುವ, ಒಂದೇ ದಿನಕ್ಕೆ ಪರಿಣಾಮ ತೋರಿಸುವ ಹೆಸರಿಲ್ಲದ ಪುಡಿಗಳ ಬಗ್ಗೆ ಎಚ್ಚರ ಬೇಕು. ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಭಾರತದಲ್ಲಿ ಪರೀಕ್ಷೆಯಿಂದ ಪತ್ತೆಯಾಗಿದೆ.

‘ಹಚ್ಚೋ ಮುಲಾಮು, ಹಾಕೋ ಹನಿ, ಏನಾಗ್ತದ?’

ಬಹಳ ಆಗುತ್ತದೆ. ಗಜಕರ್ಣ ಶಿಲೀಂಧ್ರದ ಸೋಂಕು. ಅದರ ಮೇಲೆ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಕೆಂಪು, ತುರಿಕೆ ಎರಡೇ ದಿನಕ್ಕೆ ಇಳಿಯುತ್ತವೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಮರಳುತ್ತದೆ. ಒಂದೇ ಟವೆಲ್ಲು, ಒಂದೇ ಹಾಸಿಗೆಯಿಂದ ಮನೆಮಂದಿಗೆಲ್ಲ ಅಂಟುತ್ತದೆ. ಟ್ಯೂಬಿನ ಮೇಲಿನ ಶೇಕಡಾವಾರು ಅಂಕಿ ನೋಡಿ ಮೋಸಹೋಗಬಾರದು: ಶೇ 1ರ ಹೈಡ್ರೊಕಾರ್ಟಿಸೋನ್ ತೀರಾ ಮೆದು, ಶೇ 0.05ರ ಕ್ಲೊಬೆಟಸಾಲ್ ಅತ್ಯಂತ ಪ್ರಬಲ. ಎಳೆಗೂಸಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವು ಹೆಚ್ಚು. ಲಂಗೋಟಿ ಕಟ್ಟುವ ಜಾಗಕ್ಕೆ ದಿನವೂ ಪ್ರಬಲ ಮುಲಾಮು ಹಚ್ಚಿದರೆ ಅದು ರಕ್ತಕ್ಕೆ ಇಳಿದು, ಗುಳಿಗೆ ನುಂಗಿದಂತೆಯೇ ಕೂಸಿನ ಮುಖ ಊದಿಸಬಲ್ಲದು. ಚರ್ಮರೋಗ ತಜ್ಞರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ‘ಶೆಡ್ಯೂಲ್ ಎಚ್’ ಪಟ್ಟಿಗೆ ಸೇರಿಸಿತು.

ಕಣ್ಣಿನ ಹನಿಯ ಅಪಾಯ ಇನ್ನೂ ಗುಪ್ತ. ಬಿಸಿಲು, ಧೂಳಿನ ಸೀಮೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ವರ್ಷ ವರ್ಷ ಕಣ್ಣು ಕೆಂಪಾಗಿ ತುರಿಸುವ ಅಲರ್ಜಿ ಬರುತ್ತದೆ. ಸ್ಟೀರಾಯ್ಡ್ ಹನಿ ಹಾಕಿದರೆ ಮಗುವಿಗೆ ಹಾಯೆನಿಸುತ್ತದೆ. ಹಳೇ ಬಾಟಲಿ ತೋರಿಸಿ ಮತ್ತೆ ಮತ್ತೆ ತರುತ್ತಾರೆ. ಕೆಲವು ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೋವಿಲ್ಲ, ನೀರಿಲ್ಲ, ಏನೂ ತಿಳಿಯುವುದಿಲ್ಲ. ಹೀಗೆ ಒತ್ತಡ ಏರಿ ಬರುವ ಗ್ಲಾಕೊಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಸ್ಟೀರಾಯ್ಡಿನ ಇಡೀ ದೋಷಪಟ್ಟಿಯಲ್ಲಿ ಈ ಭಾಗದ ಪಾಲಕರು ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ಬಹುಶಃ ಇದಕ್ಕೇ.

‘ಮೈ ಕೈ ತುಂಬೇದ, ಔಷಧ ಛಲೋ ಐತಿ’

ಯಾದಗಿರಿ 2018ರಿಂದ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲೊಂದು. ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು ರಾಜ್ಯದಲ್ಲೇ ಹೆಚ್ಚಿರುವ ಜಿಲ್ಲೆಗಳ ಸಾಲಿನಲ್ಲಿದೆ. ಸೊರಗಿದ ಕೂಸು ಹಸಿದು ಉಣ್ಣತೊಡಗಿ ಕೆನ್ನೆ ತುಂಬಿದರೆ ಯಾವ ತಾಯಿಗೆ ಹಿಗ್ಗಾಗುವುದಿಲ್ಲ? ಆ ಹಿಗ್ಗನ್ನೇ ನಂಬಿ ಕೆಲವರು ಪದೇ ಪದೇ ಹೆಸರಿಲ್ಲದ ಸಣ್ಣ ಗುಳಿಗೆ ಕೊಡುತ್ತಾರೆ. ಗುಳಿಗೆ ಸಣ್ಣದಾದರೂ ಬಲ ಸಣ್ಣದಲ್ಲ: 0.75 ಮಿಲಿಗ್ರಾಂ ಡೆಕ್ಸಾಮೆಥಾಸೋನ್ 5 ಮಿಲಿಗ್ರಾಂ ಪ್ರೆಡ್ನಿಸೋಲೋನಿಗೆ ಸಮ. ಏರಿದ್ದು ಕೊಬ್ಬು ಮತ್ತು ನೀರು. ಎಲುಬು, ಮಾಂಸಖಂಡ ಒಳಗೆ ಸವೆಯುತ್ತಿರುತ್ತವೆ.

ಇದನ್ನು ಹಿಡಿಯಲು ಅಂಗನವಾಡಿಯ ತಕ್ಕಡಿ ಒಂದೇ ಸಾಲದು, ಎತ್ತರದ ಪಟ್ಟಿಯೂ ಬೇಕು. ಉಂಡು ದಪ್ಪಗಾದ ಮಗು ಎತ್ತರವನ್ನೂ ಬೆಳೆಯುತ್ತದೆ. ಸ್ಟೀರಾಯ್ಡ್ ಹೆಚ್ಚಾದ ಮಗುವಿನ ತೂಕ ಏರುತ್ತದೆ, ಎತ್ತರ ನಿಂತುಬಿಡುತ್ತದೆ. ಈ ಎರಡು ಗೆರೆ ಬೇರೆಯಾದದ್ದು ಕಂಡ ಅಂಗನವಾಡಿ ಕಾರ್ಯಕರ್ತೆ ‘ಏನು ಔಷಧ ಕೊಡಾಕತ್ತೀರಿ?’ ಎಂದು ಒಂದು ಮಾತು ಕೇಳಿದರೆ ದೊಡ್ಡ ಉಪಕಾರ.

ಜ್ವರ, ನೆಗಡಿಗೆ ‘ಬೇಗ ಇಳೀಲಿ’ ಎಂದು ಮಾಡುವ ಸೂಜಿಯೂ ಕೆಲವು ಸಲ ಇದೇ ಜಾತಿಯದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಾಸೋನ್ ಕೋವಿಡ್ಡಿನ ಗಂಭೀರ ರೋಗಿಗಳ ಜೀವ ಉಳಿಸುತ್ತದೆ ಎಂದು ತೋರಿಸಿತು. ಲಕ್ಷಣವಿಲ್ಲದ ಮತ್ತು ಸೌಮ್ಯ ಕೋವಿಡ್ ಇರುವ ಮಕ್ಕಳಿಗೆ ಸ್ಟೀರಾಯ್ಡ್ ಹಾನಿಕರ ಎಂದು ಮರುವರ್ಷ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಚ್ಚರಿಸಿತು. ಒಂದೇ ಮದ್ದು ಯಾವ ಮಗುವಿಗೆ ಜೀವದಾನ, ಯಾವ ಮಗುವಿಗೆ ಹಾನಿ ಎಂಬುದು ಕಾಯಿಲೆಯ ಮೇಲೆ ನಿಂತಿದೆ.

ಹೆಚ್ಚು ದಿನ ಸ್ಟೀರಾಯ್ಡ್ ಬೇಕಾದ ಮಗುವಿಗೆ ಮನೆಯವರು ಮಾಡಬಹುದಾದದ್ದು ಸಾಕಷ್ಟಿದೆ. ಗುಳಿಗೆಯನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡುವುದು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಕುರುಕಲು ದೂರವಿಡುವುದು, ಹಾಲು ಮೊಸರು ತಪ್ಪಿಸದಿರುವುದು. ರಕ್ತದೊತ್ತಡ, ಎತ್ತರ, ಕಣ್ಣು ಆಗಾಗ ತೋರಿಸುವುದು. ಓಣಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು, ದಡಾರ ಬಂದಿದ್ದು, ಮಗು ಅವರ ಹತ್ತಿರ ಆಡಿದ್ದರೆ ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ದೊಡ್ಡ ಪ್ರಮಾಣದಲ್ಲಿ ಎರಡು ವಾರ ಸ್ಟೀರಾಯ್ಡ್ ಪಡೆದ ಮಗುವಿಗೆ ದಡಾರದಂಥ ಜೀವಂತ ಲಸಿಕೆಯನ್ನು ಔಷಧ ನಿಂತು ಒಂದು ತಿಂಗಳಾಗುವವರೆಗೆ ಹಾಕುವುದಿಲ್ಲ. ಇದನ್ನು ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿಟ್ಟರೆ ಗೊಂದಲವಿಲ್ಲ.

ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಯಿರಲಿ, ಯಾದಗಿರಿಯ ವೈದ್ಯಕೀಯ ಸಂಸ್ಥೆಯಿರಲಿ, ಊರ ಮಗ್ಗುಲಿನ ಕ್ಲಿನಿಕ್ಕಿರಲಿ, ಮಗುವಿಗೆ ಕೊಟ್ಟ ಗುಳಿಗೆ, ಮುಲಾಮು, ಹನಿ, ಸೂಜಿಯ ಹೆಸರನ್ನು ಹಾಳೆಯ ಮೇಲೆ ಬರೆಸಿಕೊಳ್ಳಿ. ಅದರಲ್ಲಿ ಸ್ಟೀರಾಯ್ಡ್ ಇದೆಯೇ, ಎಷ್ಟು ದಿನ, ಹೇಗೆ ನಿಲ್ಲಿಸಬೇಕು ಎಂದು ಕೇಳಿ. ಕೇಳಲು ಸಂಕೋಚವಾದರೆ ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ಹೆಸರು ಹೇಳಲು ಒಪ್ಪದವರ ಔಷಧವನ್ನು ಮಗುವಿಗೆ ಕೊಡಬೇಡಿ.